ವ್ಯಾನಿನಲ್ಲಿ ಮುದ್ದೆ ಬೇಯಬೇಕಾದರೆ ಯಾವ ಒಲೆ? ಸಿಲಿಂಡರ್, ಡಬ್ಬಿ ಗ್ಯಾಸ್, ಇಂಡಕ್ಷನ್ ಹೋಲಿಕೆ

ವ್ಯಾನಿನಲ್ಲಿ ಹಾಸಿಗೆ ಹೇಗಿದ್ದರೂ ಎರಡು ರಾತ್ರಿ ಕಳೆಯಬಹುದು. ಒಲೆ ಸರಿಯಿಲ್ಲದಿದ್ದರೆ ಮಾತ್ರ ಮಾರನೇ ದಿನದಿಂದಲೇ ಹೋಟೆಲ್ ಹುಡುಕುವುದೇ ಕೆಲಸವಾಗುತ್ತದೆ. ಮೈಸೂರು, ಮಂಡ್ಯ ಕಡೆಯಿಂದ ಹೊರಡುವವರು ಸಾಮಾನ್ಯವಾಗಿ ಮೂರರಲ್ಲಿ ಒಂದನ್ನು ಆರಿಸುತ್ತಾರೆ: 5 ಕೆಜಿ ಸಿಲಿಂಡರಿನ ಒಲೆ, ಬ್ಯುಟೇನ್ ಡಬ್ಬಿ ಹಾಕುವ ಪೆಟ್ಟಿಗೆ ಒಲೆ, ಬ್ಯಾಟರಿ ಮೇಲೆ ಓಡುವ ಇಂಡಕ್ಷನ್. ಮೂರನ್ನೂ ನಾವು ಮಳೆಗಾಲ, ಚಳಿಗಾಲ, ಬೇಸಿಗೆ ಎಲ್ಲದರಲ್ಲೂ ಬಳಸಿದ್ದೇವೆ. ಇಲ್ಲಿನ ಲೆಕ್ಕವೆಲ್ಲ ಇಬ್ಬರ ಅಡುಗೆಯದು.

ಟೀ, ನೂಡಲ್ಸ್ ಮಾಡಿ ನೋಡಿದರೆ ಯಾವ ಒಲೆಯ ಹಣೆಬರಹವೂ ಗೊತ್ತಾಗುವುದಿಲ್ಲ. ಅದಕ್ಕೇ ನಾವು ಇಟ್ಟುಕೊಂಡ ಪರೀಕ್ಷೆ ರಾಗಿ ಮುದ್ದೆ. ಎಸರು ಬರಲು ಜೋರು ಉರಿ ಬೇಕು. ಹಿಟ್ಟು ಹಾಕಿದ ಮೇಲೆ ಐದಾರು ನಿಮಿಷ ಸಣ್ಣಗೆ, ಆದರೆ ಒಂದೇ ಸಮ ಉರಿಯಬೇಕು. ಕೋಲು ಹಾಕಿ ತಿರುವುವಾಗ ಪಾತ್ರೆ ಅಲುಗಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಗಂಟು ಉಳಿಯುತ್ತದೆ, ಇಲ್ಲವೇ ತಳ ಹಿಡಿಯುತ್ತದೆ. ಅಳತೆ ಎಂದಿನದೇ: ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಎಸರಿಗೆ ಮೊದಲೇ ಕದಡಿ ಬಿಡಲು ಒಂದು ಚಮಚ ಹಿಟ್ಟು.

ಮೊದಲು ಸಿಲಿಂಡರ್. ವಿಳಾಸದ ದಾಖಲೆ ಇಲ್ಲದೆ, ಗುರುತಿನ ಚೀಟಿ ತೋರಿಸಿ ಕೊಳ್ಳಬಹುದಾದ 5 ಕೆಜಿ ಸಿಲಿಂಡರನ್ನು ಸರ್ಕಾರಿ ತೈಲ ಕಂಪನಿಗಳೇ ಮಾರುತ್ತವೆ. ಇಂಡೇನ್‌ನದಕ್ಕೆ ಛೋಟು ಎಂದು ಹೆಸರು. ಗ್ಯಾಸ್ ಏಜೆನ್ಸಿಗಳಲ್ಲೂ ಕೆಲವು ಪೆಟ್ರೋಲ್ ಬಂಕುಗಳಲ್ಲೂ ಸಿಗುತ್ತದೆ. ಖಾಲಿಯಾದದ್ದನ್ನು ಅದೇ ಕಂಪನಿಯ ಏಜೆನ್ಸಿಗೆ ಕೊಟ್ಟು ತುಂಬಿದ್ದನ್ನು ತರಬಹುದು. ಎರಡು ಹೊತ್ತು ಟೀ, ಬೆಳಗ್ಗೆ ಉಪ್ಪಿಟ್ಟು, ರಾತ್ರಿ ಮುದ್ದೆ, ಅನ್ನ, ಸಾರು ಮಾಡಿದರೆ ದಿನಕ್ಕೆ 100ರಿಂದ 120 ಗ್ರಾಂ ಗ್ಯಾಸ್ ಹೋಗುತ್ತದೆ. ಹಾಗಾಗಿ ಒಂದು ಸಿಲಿಂಡರ್ ನಲವತ್ತು ದಿನದ ಅಡುಗೆಗೆ ಸಾಕು. ಎಷ್ಟು ಉಳಿದಿದೆ ಎಂದು ತಿಳಿಯಲು ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕವನ್ನು ಗುರುತು ಹಾಕಿಕೊಳ್ಳಿ. ಕೊಕ್ಕೆಗೆ ನೇತುಹಾಕಿ ತೂಗುವ ಡಿಜಿಟಲ್ ತಕ್ಕಡಿ ಒಂದಿದ್ದರೆ ಹೊರಡುವ ಮುನ್ನ ತೂಗಿ, ಖಾಲಿ ತೂಕ ಕಳೆದರಾಯಿತು.

ಕೊಳ್ಳುವಾಗ ಹಿಡಿಕೆಯ ಕೆಳಗಿನ ಪಟ್ಟಿ ನೋಡಲೇಬೇಕು. ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ವರ್ಷದ ಎರಡು ಅಂಕಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಮೂರು ಮೂರು ತಿಂಗಳು. ಸಿ-28 ಎಂದಿದ್ದರೆ 2028ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರನ್ನು ಮತ್ತೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕು. ಅವಧಿ ಮೀರಿದ್ದನ್ನು ತೆಗೆದುಕೊಳ್ಳಬೇಡಿ.

ಕೆಲವು ಅಂಗಡಿಗಳಲ್ಲಿ ತಲೆಯ ಮೇಲೇ ಬರ್ನರ್ ಕೂತಿರುವ ಪುಟ್ಟ ಸಿಲಿಂಡರುಗಳನ್ನು ನೇತುಹಾಕಿರುತ್ತಾರೆ. ಮನೆ ಸಿಲಿಂಡರಿನಿಂದ ಬಗ್ಗಿಸಿ ತುಂಬಿಕೊಡುತ್ತಾರೆ. ಅದು ಈ ಹೋಲಿಕೆಯಲ್ಲೇ ಇಲ್ಲ. ಸಿಲಿಂಡರಿನಲ್ಲಿ ದ್ರವ ಹಿಗ್ಗಲು ಮೇಲೆ ಜಾಗ ಬಿಟ್ಟಿರಬೇಕು. ಕಣ್ಣಂದಾಜಿನಲ್ಲಿ ಕಂಠಮಟ್ಟ ತುಂಬಿದ್ದು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಕಾದರೆ ದ್ರವಕ್ಕೆ ಹೋಗಲು ಜಾಗವಿಲ್ಲದೆ ಸಿಲಿಂಡರೇ ಬಿರಿಯುತ್ತದೆ. ಜೊತೆಗೆ ಅದರ ಬರ್ನರಿಗೂ ಸಿಲಿಂಡರಿಗೂ ನಡುವೆ ರೆಗ್ಯುಲೇಟರ್ ಇಲ್ಲ.

ವ್ಯಾನಿನಲ್ಲಿ ಸಿಲಿಂಡರ್ ಇಡುವ ಜಾಗಕ್ಕೆ ನಿಯಮ ಸರಳ. ಅಡುಗೆ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ನೆಲ ಹಿಡಿದು ನಿಲ್ಲುತ್ತದೆ. ಕಿಟಕಿ ತೆರೆದಿದ್ದರೂ ಅದು ಹೊರಗೆ ಹೋಗುವುದಿಲ್ಲ. ಅದಕ್ಕಾಗಿ ಹಿಂಬಾಗಿಲ ಬಳಿ ಒಂದು ಪೆಟ್ಟಿಗೆ ಮಾಡಿ, ಅದರ ತಳದಲ್ಲಿ ನೇರ ರಸ್ತೆಗೆ ತೆರೆದುಕೊಳ್ಳುವ ಎರಡು ಇಂಚಿನ ತೂತು ಬಿಡಬೇಕು. ತೂತು ಸೈಲೆನ್ಸರ್ ಪೈಪಿನಿಂದ ದೂರವಿರಲಿ. ಸಿಲಿಂಡರ್ ನೆಟ್ಟಗೇ ನಿಲ್ಲಬೇಕು. ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಜ್ವಾಲೆ ಆಳೆತ್ತರ ಏಳುತ್ತದೆ. ಬೆಲ್ಟು ಹಾಕಿ ಬಿಗಿಯಿರಿ. ಗಾಡಿ ಓಡುವಾಗ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿರಬೇಕು. ಕಿತ್ತಳೆ ಬಣ್ಣದ ಐಎಸ್‌ಐ ಸುರಕ್ಷಾ ಪೈಪನ್ನೇ ಬಳಸಿ, ಒಂದೂವರೆ ಮೀಟರ್‌ಗಿಂತ ಉದ್ದ ಬೇಡ. ಮಣ್ಣುರಸ್ತೆಯ ಕುಲುಕಾಟಕ್ಕೆ ಮೊದಲು ಸಡಿಲವಾಗುವುದು ಒಲೆಯ ಕಡೆಯ ಕ್ಲಿಪ್. ಊರು ಬದಲಾದಾಗಲೆಲ್ಲ ಸೋಪಿನ ನೊರೆ ಹಚ್ಚಿ ಅಲ್ಲಿ ಗುಳ್ಳೆ ಏಳುತ್ತದೆಯೇ ನೋಡಿ.

ಮುದ್ದೆಗೆ ಇದು ಸಲೀಸು. ಸಿಂಗಲ್ ಬರ್ನರ್ ಒಲೆಯ ನಾಲ್ಕು ಕಾಲು ಅಗಲವಾಗಿರುವುದರಿಂದ ಅಲ್ಯೂಮಿನಿಯಂ ಪಾತ್ರೆ ಗಟ್ಟಿಯಾಗಿ ಕೂರುತ್ತದೆ. ಉರಿಯನ್ನು ಮೊಗ್ಗಿನಷ್ಟಕ್ಕೆ ಇಳಿಸಿದರೂ ಆರುವುದಿಲ್ಲ. ಸೋಲುವುದು ಗಾಳಿಗೆ ಮಾತ್ರ. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಡೆ, ಹಿನ್ನೀರಿನ ಬಯಲಲ್ಲಿ ಆಷಾಢದ ಗಾಳಿಗೆ ಉರಿ ಪಾತ್ರೆಯ ಬುಡ ಬಿಟ್ಟು ಪಕ್ಕಕ್ಕೆ ಹೋಗುತ್ತದೆ, ಎಸರು ಬರುವುದೇ ಇಲ್ಲ. ಆಗ ಗಾಡಿಯ ಮೂತಿಯನ್ನು ಗಾಳಿ ಬರುವ ನೈಋತ್ಯಕ್ಕೆ ತಿರುಗಿಸಿ, ಹಿಂಬಾಗಿಲ ಮರೆಯಲ್ಲಿ ಒಲೆ ಇಡಬೇಕು. ಮೂರು ಕಡೆ ತಗಡು ನಿಲ್ಲಿಸಿ, ಒಂದು ಕಡೆ ಬಿಟ್ಟಿರಿ.

ಡಬ್ಬಿ ಗ್ಯಾಸಿನ ಒಲೆ ನೋಡಲು ಚೆಂದ, ಹಗುರ, ಸೀಟಿನ ಕೆಳಗೆ ಜಾರಿಸಿಡಬಹುದು. ಉದ್ದನೆಯ ಡಬ್ಬಿಯಲ್ಲಿ ಸುಮಾರು 220 ಗ್ರಾಂ ಬ್ಯುಟೇನ್ ಇರುತ್ತದೆ. ಪೂರ್ತಿ ಉರಿಯಲ್ಲಿ ಒಂದೂವರೆ ಗಂಟೆ ಒಳಗೆ ಮುಗಿಯುತ್ತದೆ, ನಮ್ಮ ಅಡುಗೆಗೆ ಎರಡು ದಿನ. ಕೆಜಿ ಲೆಕ್ಕದಲ್ಲಿ ಸಿಲಿಂಡರ್ ಗ್ಯಾಸಿಗಿಂತ ಹಲವು ಪಟ್ಟು ದುಬಾರಿ. ಮೈಸೂರಿನಲ್ಲೇ ಕೊಂಡು ಹೊರಡಬೇಕು. ಪಾಂಡವಪುರದಲ್ಲೋ ಮಳವಳ್ಳಿಯಲ್ಲೋ ಸಿಕ್ಕೀತು ಎಂದು ನೆಚ್ಚಿ ಕೂರುವಂತಿಲ್ಲ.

ಡಬ್ಬಿಯ ಕತ್ತಿನಲ್ಲಿ ಒಂದು ಕಚ್ಚು ಇರುತ್ತದೆ. ಅದು ಒಲೆಯ ಗುರುತಿಗೆ ಹೊಂದಿ ಮೇಲ್ಮುಖವಾಗಿ ಕೂತರೆ ಒಳಗಿನ ನಳಿಗೆ ದ್ರವದ ಮೇಲಿನ ಅನಿಲವನ್ನು ಎಳೆಯುತ್ತದೆ. ತಿರುಗಿಸಿ ಕೂರಿಸಿದರೆ ದ್ರವವನ್ನೇ ಎಳೆದು ಹಳದಿ ಜ್ವಾಲೆ ಭುಗ್ ಎನ್ನುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಅಗಲವಾದ ಕಾವಲಿಯದು. ಡಬ್ಬಿ ಕೂರುವ ಗೂಡಿನ ಮೇಲೂ ಚಾಚುವ ದೋಸೆ ಹಂಚು ಇಟ್ಟರೆ ಶಾಖ ಕೆಳಕ್ಕೆ ಬಡಿದು ಡಬ್ಬಿ ಕಾಯುತ್ತದೆ. ಒಳ್ಳೆಯ ಒಲೆಗಳಲ್ಲಿ ಒತ್ತಡ ಏರಿದರೆ ಡಬ್ಬಿಯನ್ನು ತಾನೇ ಹಿಂದಕ್ಕೆ ತಳ್ಳಿ ಉರಿ ಆರಿಸುವ ಏರ್ಪಾಡು ಇರುತ್ತದೆ. ಅದಿಲ್ಲದ ಒಲೆ ಬೇಡವೇ ಬೇಡ. ಬರ್ನರಿನ ಸುತ್ತ ಗಾಳಿಮರೆ ಕಟ್ಟಿದರೂ ಇದೇ ಅಪಾಯ. ಅಂದರೆ ಗಾಳಿಗೆ ಸಿಲಿಂಡರ್ ಒಲೆಯಲ್ಲಿ ಮಾಡಿಕೊಳ್ಳುವ ಉಪಾಯ ಇಲ್ಲಿ ನಡೆಯುವುದಿಲ್ಲ. ಡಬ್ಬಿಯ ಮೇಲೇ 50 ಡಿಗ್ರಿ ಮೀರಬಾರದೆಂದು ಬರೆದಿರುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿ ಗಾಜು ಏರಿಸಿದ ಗಾಡಿಯೊಳಗೆ ಆ ಮಿತಿ ಸುಲಭವಾಗಿ ದಾಟುತ್ತದೆ.

ಚಳಿಗೂ ಇದಕ್ಕೂ ಆಗಿಬರುವುದಿಲ್ಲ. ಬ್ಯುಟೇನ್ ಆವಿಯಾಗುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಬಿಳಿಗಿರಿರಂಗನ ಬೆಟ್ಟದ ಕಡೆ ಡಿಸೆಂಬರ್ ಬೆಳಗಿನ ಜಾವ ಅಷ್ಟು ಚಳಿ ಇರುವುದಿಲ್ಲ, ನಿಜ. ಆದರೆ ಆವಿಯಾಗುತ್ತಾ ಡಬ್ಬಿ ತನ್ನನ್ನು ತಾನೇ ತಣ್ಣಗಾಗಿಸಿಕೊಳ್ಳುತ್ತದೆ. ಹತ್ತು ನಿಮಿಷ ಉರಿದ ಮೇಲೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಹೊರಮೈ ಬೆವರಿರುತ್ತದೆ, ಉರಿ ಅರ್ಧಕ್ಕೆ ಇಳಿದಿರುತ್ತದೆ. ಎಸರು ಬರಬೇಕಾದ ಹೊತ್ತಿನಲ್ಲೇ ಇದು ಕೈಕೊಡುತ್ತದೆ. ಎರಡು ಡಬ್ಬಿ ಇಟ್ಟುಕೊಂಡು ಅದಲುಬದಲು ಮಾಡುವುದೇ ಪರಿಹಾರ, ಕಾಯಿಸಲು ಹೋಗಬೇಡಿ. ಮುದ್ದೆ ತಿರುವುವಾಗ ಈ ಒಲೆ ಪಾತ್ರೆಯ ಸಮೇತ ಮೇಜಿನ ಮೇಲೆ ಜಾರುತ್ತದೆ. ಪಾತ್ರೆಯನ್ನು ಕೆಳಗಿಳಿಸಿಯೇ ತಿರುವಬೇಕು.

ಇಂಡಕ್ಷನ್ ಬಗ್ಗೆ ಕೇಳುವವರೇ ಈಗ ಹೆಚ್ಚು, ತಪ್ಪು ಲೆಕ್ಕ ಹಾಕಿ ದುಡ್ಡು ಕಳೆದುಕೊಳ್ಳುವವರೂ ಇಲ್ಲೇ ಹೆಚ್ಚು. ಹೊಗೆಯಿಲ್ಲ, ಜ್ವಾಲೆಯಿಲ್ಲ, ಗಾಳಿಯ ಕಾಟವಿಲ್ಲ. ಮಾರುತಿ ಈಕೋದಂಥ ತಗ್ಗು ಛಾವಣಿಯ ಗಾಡಿಯಲ್ಲಿ ಬಾಗಿಲು ಮುಚ್ಚಿ ಟೀ ಕಾಯಿಸಬಹುದಾದದ್ದು ಇದೊಂದರಲ್ಲೇ. ಗ್ಯಾಸ್ ಒಲೆ ಒಳಗೆ ಉರಿಸಿದರೆ 100 ಗ್ರಾಂ ಗ್ಯಾಸಿಗೆ ಸುಮಾರು 150 ಗ್ರಾಂ ನೀರಾವಿ ಹುಟ್ಟುತ್ತದೆ. ಮಳೆಗಾಲದಲ್ಲಿ ಅದೆಲ್ಲ ಛಾವಣಿಯ ತಗಡಿಗೆ ತಗಲಿ, ರಾತ್ರಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಇಂಡಕ್ಷನ್‌ನಲ್ಲಿ ಪಾತ್ರೆಯ ಹಬೆ ಮಾತ್ರ, ಮುಚ್ಚಳ ಹಾಕಿದರೆ ಅದೂ ಕಡಿಮೆ.

ಈಗ ಬ್ಯಾಟರಿ ಲೆಕ್ಕ. ಒಂದು ಲೀಟರ್ ನೀರು 25 ಡಿಗ್ರಿಯಿಂದ ಕುದಿಯಲು ಒಲೆ ಮತ್ತು ಇನ್ವರ್ಟರ್ ನಷ್ಟ ಸೇರಿ ಸುಮಾರು 115 ವ್ಯಾಟ್-ಅವರ್ ಬೇಕು (ಸಾವಿರ ವ್ಯಾಟ್-ಅವರ್ ಎಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್). ಇಬ್ಬರಿಗೆ ಟೀ 60, ಮುದ್ದೆ 120, ಒಂದು ಲೋಟ ಅಕ್ಕಿಯ ಅನ್ನ ಕುಕ್ಕರಿನಲ್ಲಿ 130, ಬೇಳೆ-ಸೊಪ್ಪು ಬೇಯಿಸಿ ಉಪ್ಸಾರಿಗೆ ಕಟ್ಟು ತೆಗೆಯಲು 180. ಬೆಳಗಿನ ತಿಂಡಿಯೂ ಸೇರಿದರೆ ದಿನಕ್ಕೆ 650ರಿಂದ 700. 12.8 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಇರುವುದು 1280. ಅದರಲ್ಲಿ ಸಾವಿರವನ್ನು ಬಳಸಬಹುದು. ಫ್ಯಾನು, ದೀಪ, ಫೋನ್ ಚಾರ್ಜಿಗೂ ಅದರಲ್ಲೇ ಆಗಬೇಕು, ಹಾಗಾಗಿ ಒಂದೇ ದಿನದ ಬಾಳು. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಇದನ್ನು ಓಡಿಸುವ ಯೋಚನೆಯನ್ನೇ ಬಿಡಿ.

ಮತ್ತೆ ತುಂಬಿಸುವುದು ಹೇಗೆ? ಓಡುವ ಗಾಡಿಯ ಕರೆಂಟಿನಿಂದ ಈ ಬ್ಯಾಟರಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್, 30 ಆಂಪಿಯರ್‌ನದು, ಹಾಕಿದರೆ ಒಂದು ಗಂಟೆ ಓಡಿಸಿದ್ದಕ್ಕೆ 380 ವ್ಯಾಟ್-ಅವರ್ ಸೇರುತ್ತದೆ. ಮೈಸೂರಿನಿಂದ ಮೇಲುಕೋಟೆಗೆ ಹೋದರೆ ರಾತ್ರಿಯ ಮುದ್ದೆ, ಸಾರು, ಒಂದು ಟೀಗೆ ಸಾಕಾಗುವಷ್ಟು. ಆಮೇಲೆ ಎರಡು ದಿನ ಅಲ್ಲೇ ನಿಂತರೆ ಖಾಲಿ. ಛಾವಣಿಯ ಮೇಲೆ 200 ವ್ಯಾಟ್ ಸೋಲಾರ್ ಫಲಕ ಮಾರ್ಚ್, ಏಪ್ರಿಲ್‌ನಲ್ಲಿ ದಿನಕ್ಕೆ 800ರ ಹತ್ತಿರ ಕೊಡುತ್ತದೆ. ಅದಕ್ಕೆ ಗಾಡಿ ಇಡೀ ದಿನ ಬಿಸಿಲಲ್ಲಿ ನಿಲ್ಲಬೇಕು, ಒಳಗೆ ಕೂರಲಾಗುವುದಿಲ್ಲ. ಹೊಂಗೆ ಮರದ ನೆರಳಿಗೆ ಹೋದರೆ ಫಲಕ ಸತ್ತಂತೆ. ಆಷಾಢದಲ್ಲಿ ಅರ್ಧವೂ ಬರುವುದಿಲ್ಲ. ಒಳಗೆ ಅಡುಗೆ ಮಾಡಲೇಬೇಕಾದ ಕಾಲವೂ ಅದೇ.

ತಂತಿ ಜೋಡಣೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಸಾವಿರ ವ್ಯಾಟ್ ಒಲೆಗೆ ಬ್ಯಾಟರಿಯಿಂದ ಹರಿಯುವುದು ಸುಮಾರು 87 ಆಂಪಿಯರ್. 10 ಚದರ ಮಿಮೀ ತಂತಿಯನ್ನು ಎರಡು ಮೀಟರ್ ದೂರಕ್ಕೆ ಎಳೆದರೆ ಹೋಗಿ-ಬರುವ ದಾರಿಯಲ್ಲಿ 0.6 ವೋಲ್ಟ್ ಅಲ್ಲೇ ನಷ್ಟ. ತಂತಿ ಬೆಚ್ಚಗಾಗುತ್ತದೆ, ಬ್ಯಾಟರಿ ಅರ್ಧ ಇರುವಾಗಲೇ ಇನ್ವರ್ಟರ್ ಕೂಗಿಕೊಳ್ಳಲು ಶುರು ಮಾಡುತ್ತದೆ. 35 ಚದರ ಮಿಮೀ ತಾಮ್ರದ ತಂತಿ, ಒಂದು ಮೀಟರ್ ಒಳಗೆ, ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ 150 ಆಂಪಿಯರ್ ಫ್ಯೂಸ್. ಬ್ಯಾಟರಿಯೊಳಗೆ ಅದನ್ನು ಕಾಯುವ ಸರ್ಕ್ಯೂಟ್, ಅಂದರೆ ಬಿಎಂಎಸ್ ಕೂಡ 150 ಆಂಪಿಯರಿನದಾಗಿರಲಿ. ತಂತಿಯ ತುದಿಗೆ ಹಾಕುವ ಲೋಹದ ಲಗ್ಗುಗಳನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡದೆ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಸಡಿಲ ಲಗ್ಗು ಮೊದಲ ವಾರ ಚೆನ್ನಾಗೇ ಇರುತ್ತದೆ, ಆಮೇಲೆ ತಂತಿಯ ಹೊದಿಕೆ ಕಂದುಗಟ್ಟುತ್ತದೆ. ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವುದು) ಆಗಿರಬೇಕು, 2000 ವ್ಯಾಟಿನದು. ಒಲೆಯನ್ನು ಸಾವಿರದಲ್ಲೇ ಓಡಿಸಿದರೂ ಅಷ್ಟು ಬೇಕು, ಏಕೆಂದರೆ ಅಗ್ಗದ ಇಂಡಕ್ಷನ್ ಒಲೆಗಳು 400 ವ್ಯಾಟಿಗೆ ಇಳಿಸಿದಾಗ ನಿಜವಾಗಿ ಇಳಿಯುವುದಿಲ್ಲ: ಕೆಲವು ಸೆಕೆಂಡು ಸಾವಿರಕ್ಕೂ ಮೇಲೆ ಓಡಿ, ಕೆಲವು ಸೆಕೆಂಡು ಸುಮ್ಮನಿರುತ್ತವೆ.

ಮುದ್ದೆ ಕೆಡುವುದೂ ಇದರಿಂದಲೇ. ಸಣ್ಣ ಉರಿ ಎಂದು ನಂಬಿ ಹಿಟ್ಟಿನ ಮೇಲೆ ಮುಚ್ಚಳ ಮುಚ್ಚಿದರೆ, ಜೋರು ಓಡುವ ಆ ಸೆಕೆಂಡುಗಳಲ್ಲಿ ತಳ ಸೀದು, ಮೇಲಿನ ಹಿಟ್ಟು ಹಸಿಯಾಗಿರುತ್ತದೆ. ತಳ ದಪ್ಪಗಿರುವ, ಅಯಸ್ಕಾಂತ ಅಂಟುವ ಸ್ಟೀಲ್ ಪಾತ್ರೆ ಆ ಏರಿಳಿತವನ್ನು ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಈ ಒಲೆ ಗುರುತಿಸುವುದೇ ಇಲ್ಲ. ಗಾಜಿನ ಮೇಲೆ ಪಾತ್ರೆ ಇಟ್ಟುಕೊಂಡು ಕೋಲಿನಿಂದ ತಿರುವಿದರೆ ಗಾಜು ಸೀಳುತ್ತದೆ. ಹಿಟ್ಟು ಬೆಂದ ಕೂಡಲೇ ಒಲೆ ಆರಿಸಿ, ಮಡಿಸಿದ ಗೋಣಿಚೀಲದ ಮೇಲೆ ಪಾತ್ರೆ ಇಳಿಸಿ, ಕವೆಗೋಲು ಕೊಟ್ಟು ಒತ್ತಿಹಿಡಿದು ತಿರುವಿ. ಆಮೇಲೆ ನೀರು ಚಿಮುಕಿಸಿ, ಮತ್ತೆ ಒಂದೆರಡು ನಿಮಿಷ ಒಲೆಗೇರಿಸಿದರೆ ಕಟ್ಟಲು ಬರುವ ಹದಕ್ಕೆ ಬರುತ್ತದೆ. ಡಬ್ಬಿ ಒಲೆಗೂ ಇದೇ ಕ್ರಮ.

ಹಾಗಾದರೆ ಯಾವುದು? ಮೂರು ದಿನಕ್ಕಿಂತ ಹೆಚ್ಚು ಗಾಡಿಯಲ್ಲಿರುವವರಿಗೆ, ಮುದ್ದೆ-ಸಾರು ಬಿಟ್ಟರೆ ನಡೆಯದವರಿಗೆ ನಾವು ಹೇಳುವುದು 5 ಕೆಜಿ ಸಿಲಿಂಡರ್, ಅಡುಗೆ ಹಿಂಬಾಗಿಲಲ್ಲಿ. ಫ್ಯಾನು, ದೀಪಕ್ಕೆಂದು 100 ಆಂಪಿಯರ್-ಅವರ್ ಬ್ಯಾಟರಿ ಆಗಲೇ ಇದ್ದರೆ ಇಂಡಕ್ಷನ್ ಸೇರಿಸಿ, ಮಳೆಯಲ್ಲಿ ಟೀ, ಅನ್ನಕ್ಕೆ ಮಾತ್ರ. ಇಂಡಕ್ಷನ್ ಒಂದನ್ನೇ ನೆಚ್ಚುವುದಾದರೆ 200 ಆಂಪಿಯರ್-ಅವರ್‌ಗೆ ಕಡಿಮೆ ಬೇಡ, ದಿನಾ ಒಂದೆರಡು ಗಂಟೆ ಗಾಡಿ ಓಡಲೇಬೇಕು. ಡಬ್ಬಿ ಒಲೆ ಶನಿವಾರ-ಭಾನುವಾರ ಬಲಮುರಿಗೋ ಶಿವನಸಮುದ್ರಕ್ಕೋ ಹೋಗಿಬರುವವರಿಗೆ ಸಾಕು, ಅದಕ್ಕಿಂತ ಹೆಚ್ಚಿಗೆ ಅಲ್ಲ.

ಗ್ಯಾಸನ್ನು ಯಾವ ಕಾರಣಕ್ಕೂ ಚಳಿ ಕಾಯಿಸಲು ಉರಿಸಬೇಡಿ. ಗಾಳಿ ಸಾಲದೆ ಜ್ವಾಲೆ ಹಳದಿಯಾದರೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಅದರ ಅಲಾರಂ ಒಂದನ್ನು ಮಲಗಿದಾಗ ತಲೆ ಇರುವ ಎತ್ತರಕ್ಕೆ, ಗ್ಯಾಸ್ ಸೋರಿಕೆಯ ಅಲಾರಂ ಇನ್ನೊಂದನ್ನು ನೆಲದಿಂದ ಒಂದು ಗೇಣು ಮೇಲೆ ಹಾಕಿ. ಒಂದು ಕೆಜಿಯ ಡ್ರೈ ಪೌಡರ್ ಅಗ್ನಿಶಾಮಕ ಬಾಗಿಲ ಪಕ್ಕ, ಹೊರಗಿನಿಂದಲೂ ಕೈಗೆ ಸಿಗುವಂತಿರಲಿ.

ಬಂಡೀಪುರದ ಮೂಲಕ ಹೋಗುವವರು ಅಡುಗೆಯನ್ನು ಗುಂಡ್ಲುಪೇಟೆಯಲ್ಲೇ ಮುಗಿಸಿಕೊಳ್ಳಬೇಕು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಕಾಡಿನ ರಸ್ತೆ ಮುಚ್ಚಿರುತ್ತದೆ, ಹಗಲಲ್ಲೂ ನಡುವೆ ಗಾಡಿ ನಿಲ್ಲಿಸುವಂತಿಲ್ಲ. ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ಕಾಡಂಚಿನ ಖಾಸಗಿ ತೋಟಗಳಲ್ಲಿ ತಂಗಿದರೂ ಒಣ ಹುಲ್ಲಿನ ಮೇಲೆ ಒಲೆ ಇಡಬೇಡಿ. ಮಾಲೀಕರನ್ನು ಕೇಳಿ ಸಿಮೆಂಟ್ ಕಣದಲ್ಲೋ ಪಂಪ್‌ಸೆಟ್ ಮನೆಯ ಜಗಲಿಯಲ್ಲೋ ಜಾಗ ಮಾಡಿಕೊಳ್ಳಿ, ಪಕ್ಕದಲ್ಲಿ ಒಂದು ಬಕೆಟ್ ನೀರು ತುಂಬಿಟ್ಟ ಮೇಲೆಯೇ ಒಲೆ ಹಚ್ಚಿ.