ಲೆಕ್ಕದ ಸಾಫ್ಟ್‌ವೇರ್ ಮಾಡಿದೆವು, ನಮ್ಮ ಲೆಕ್ಕವನ್ನೇ ಬರೆದಿಡಲಿಲ್ಲ

ಮೊನ್ನೆ ಕೊಡಗಿನ ಪೊನ್ನಂಪೇಟೆ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುತ್ತಾನಂತೆ, ಕಾಫಿ ತೋಟದವರಿಗೆ ಲೆಕ್ಕಪತ್ರದ ಆ್ಯಪ್ ಮಾಡುತ್ತಾನಂತೆ. "ಅಣ್ಣಾ, ಒಂದು ದೊಡ್ಡ ಪಾರ್ಟಿ ರೆಡಿ ಇದೆ. ಐವತ್ತು ತೋಟದವರನ್ನ ಅವರೇ ಕರ್ಕೊಂಡು ಬರ್ತಾರಂತೆ" ಅಂದ. ಇದೇ ಮಾತನ್ನು 2022ರ ಡಿಸೆಂಬರಿನಲ್ಲಿ ಒಬ್ಬರು ನನಗೂ ಹೇಳಿದ್ದರು. ಐವತ್ತಲ್ಲ, ನಲವತ್ತು ಅಂದಿದ್ದರು, ಅಷ್ಟೇ ವ್ಯತ್ಯಾಸ. ಅವನಿಗೆ ಫೋನಿನಲ್ಲಿ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಯೋಚನೆ ಇರುವ ಬೇರೆಯವರೂ ಓದಲಿ.

ನಾವಿದ್ದದ್ದು ಇಬ್ಬರೇ, ನಾನು ಮತ್ತು ಜೊತೆಯಲ್ಲಿ ಓದಿದ ಗೆಳೆಯ. ಲಾಕ್‌ಡೌನ್ ಅಂತ ಊರಿಗೆ ಬಂದವರು ವಾಪಸ್ ಹೋಗಲಿಲ್ಲ. 2021ರ ಆಗಸ್ಟಿನಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಸಿದೆವು. ಗೋಣಿಕೊಪ್ಪದಲ್ಲಿ ಗೊಬ್ಬರದ ಅಂಗಡಿಯ ಮೇಲೊಂದು ರೂಮು, ಎರಡು ಲ್ಯಾಪ್‌ಟಾಪ್, ಒಂದು ಯುಪಿಎಸ್. ಜುಲೈ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಅಲ್ಲಿ ಯುಪಿಎಸ್ ಏನು ಮಾಡೀತು? ಇಲ್ಲೇ ಹುಟ್ಟಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು, ಬಿಡಿ.

ಯೋಚನೆ ಮಾತ್ರ ಚೆನ್ನಾಗಿತ್ತು, ಈಗಲೂ ಹಾಗೇ ಅನ್ನುತ್ತೇನೆ. ನಮ್ಮ ಕಡೆ ತೋಟದ ಲೆಕ್ಕ ಮೂರು ಕಡೆ ಹರಿದು ಹಂಚಿಹೋಗಿರುತ್ತದೆ. ಆಳುಗಳ ಹಾಜರಿ, ಅಡ್ವಾನ್ಸ್ ಎಲ್ಲ ರೈಟರ (ತೋಟದ ಗುಮಾಸ್ತರ) ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ. ಗೊಬ್ಬರ, ಡೀಸೆಲ್, ಸ್ಪ್ರಿಂಕ್ಲರ್ ರಿಪೇರಿ ಸಾಹುಕಾರರ ಡೈರಿಯಲ್ಲಿ. ತೆರಿಗೆ ಲೆಕ್ಕ ಆಡಿಟರ ಟ್ಯಾಲಿ ಸಾಫ್ಟ್‌ವೇರಿನಲ್ಲಿ. ಟ್ಯಾಲಿ 1986ರಲ್ಲಿ ಶುರುವಾದ ಕಂಪನಿಯದ್ದು, ಬೆಂಗಳೂರಿನದೇ. ಅದನ್ನು ಸೋಲಿಸುವ ಹುಚ್ಚು ನಮಗೆ ಇರಲಿಲ್ಲ. ಆದರೆ ಚೆಕ್‌ರೋಲ್, ಓಟಿ (ಕಾಫಿಯಲ್ಲಿ ಇಳಿಯುವ ಬೇಳೆಯ ಲೆಕ್ಕ), ಗೋಣಿಚೀಲ ಇವೆಲ್ಲ ಅಂಗಡಿ ಲೆಕ್ಕದ ಸಾಫ್ಟ್‌ವೇರಿಗೆ ತಾನಾಗಿ ಅರ್ಥವಾಗುವ ವಿಷಯವಲ್ಲ. ತೆರಿಗೆಯಲ್ಲೂ ಕಾಫಿಯದ್ದು ಬೇರೆಯೇ ದಾರಿ. ಬೆಳೆದ ಚೆರಿಯನ್ನು, ಅಂದರೆ ಸಿಪ್ಪೆ ಸಮೇತದ ಕಾಫಿಯನ್ನು, ಹಾಗೇ ಮಾರಿದರೆ ಪೂರ್ತಿ ಕೃಷಿ ಆದಾಯ. ತಾನೇ ಕ್ಯೂರಿಂಗ್ ಮಾಡಿಸಿ (ಸಿಪ್ಪೆ ತೆಗೆಸಿ ಬೇಳೆ ಮಾಡಿಸಿ) ಮಾರಿದರೆ ಆಗಿದ್ದ ಆದಾಯ ತೆರಿಗೆಯ 7ಬಿ ನಿಯಮದಲ್ಲಿ ಆದಾಯದ ಶೇ. 25 ಭಾಗ ತೆರಿಗೆಗೆ ಬರುತ್ತಿತ್ತು. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಹೋಮ್‌ಸ್ಟೇ ಇಟ್ಟುಕೊಂಡವರದ್ದು ಮತ್ತೊಂದು ಲೆಕ್ಕ. ಇದನ್ನೆಲ್ಲ ಒಂದೇ ಕಡೆ, ಕನ್ನಡದಲ್ಲಿ, ರೈಟರ ಫೋನಿನಲ್ಲೇ ತರುವುದು ನಮ್ಮ ಆಸೆ.

ಮೊದಲ ವರ್ಷ ಹತ್ತೊಂಬತ್ತು ತೋಟ ಸಿಕ್ಕಿತು. ಎಲ್ಲ ಹತ್ತು, ಹದಿನೈದು, ಇಪ್ಪತ್ತು ಎಕರೆಯವರು. ವರ್ಷಕ್ಕೆ 3,600 ರೂಪಾಯಿ. ಕೊಟ್ಟರು. ಒಬ್ಬರು ಮಾತ್ರ ಅರ್ಧ ದುಡ್ಡು ಕೊಟ್ಟು ಉಳಿದದ್ದಕ್ಕೆ ಎರಡು ಕೆಜಿ ಕರಿಮೆಣಸು ಕೊಟ್ಟರು. ಅದನ್ನು ನಮ್ಮದೇ ಸಾಫ್ಟ್‌ವೇರಿನಲ್ಲಿ ಹೇಗೆ ಬರೆಯುವುದು ಅಂತ ನಮಗೇ ಗೊತ್ತಾಗಲಿಲ್ಲ.

ತಪ್ಪು ನಮ್ಮದೂ ಇತ್ತು. ಅದನ್ನು ಮೊದಲು ಹೇಳುತ್ತೇನೆ, ಆಮೇಲೆ ಬೇರೆಯವರ ವಿಷಯ.

ಸಿದ್ದಾಪುರದ ಹತ್ತಿರದ ಒಂದು ತೋಟ. ಕೊಯ್ಲಿನ ಸಮಯ, ಶನಿವಾರ ಸಂಜೆ, ಬಟವಾಡೆ. ನಾನು ಅವತ್ತು ನೋಡಲೆಂದೇ ಹೋಗಿದ್ದೆ. ಜಗುಲಿಯ ಮೇಲೆ ಮೇಜು, ಮೇಜಿನ ಮೇಲೆ ರೈಟರ ಫೋನು, ಎದುರಿಗೆ ಲೈನ್ ಮನೆಯ ಆಳುಗಳು ಸಾಲಾಗಿ. ಒಬ್ಬ ಹೆಂಗಸಿನ ಸರದಿ ಬಂತು. ಆ್ಯಪ್ ತೋರಿಸಿದ ಅಡ್ವಾನ್ಸ್ ಸಾವಿರ ರೂಪಾಯಿ. "ನಾನು ಐನೂರು ತಗೊಂಡದ್ದು ಒಂದೇ ಸಲ ರೈಟ್ರೇ" ಅಂದರು. ರೈಟರು ನನ್ನ ಮುಖ ನೋಡಿದರು. ನಾನು ಫೋನ್ ನೋಡಿದೆ. ಹಿಂದಿನವನದ್ದು, ಮುಂದಿನವನದ್ದು, ಹೀಗೆ ನೋಡಿದರೆ ಹನ್ನೊಂದು ಜನರ ಅಡ್ವಾನ್ಸ್ ಎರಡೆರಡು ಸಲ ಹತ್ತಿತ್ತು.

ಆದದ್ದು ಇಷ್ಟೇ. ತೋಟದ ಒಳಗೆ ನೆಟ್‌ವರ್ಕ್ ಇಲ್ಲ. ರೈಟರ ಬೆರಳಿಗೆ ಹಣ್ಣಿನ ಅಂಟು. ಸೇವ್ ಒತ್ತಿದರೆ ಪರದೆಯ ಮೇಲೆ ಏನೂ ಬರುತ್ತಿರಲಿಲ್ಲ, ಅದಕ್ಕೆ ಇನ್ನೊಂದು ಸಲ ಒತ್ತುತ್ತಿದ್ದರು. ಎರಡೂ ಫೋನಿನಲ್ಲೇ ಕೂತಿರುತ್ತಿದ್ದವು. ಗೇಟಿನ ಹತ್ತಿರ ಸಿಗ್ನಲ್ ಬಂದ ಕೂಡಲೇ ಎರಡೂ ಸರ್ವರಿಗೆ ಹೋಗುತ್ತಿದ್ದವು. ಒಂದೊಂದು ನಮೂದಿಗೂ ಸೇವ್ ಒತ್ತುವ ಮೊದಲೇ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಬಿಟ್ಟುಬಿಡುವಂತೆ ಮಾಡಿದ್ದರೆ ಮುಗಿಯುತ್ತಿತ್ತು. ಒಂದು ದಿನದ ಕೆಲಸ. ನಾವು ಮಾಡಿರಲಿಲ್ಲ. ರೂಮಿನ ವೈಫೈಯಲ್ಲಿ ಪರೀಕ್ಷೆ ಮಾಡಿ ಚೆನ್ನಾಗಿದೆ ಅಂದುಕೊಂಡಿದ್ದೆವು.

ರೈಟರು ಬೈಯಲಿಲ್ಲ. ಮೇಜಿನ ಡ್ರಾಯರ್ ಎಳೆದು ಹಳೇ ಚೆಕ್‌ರೋಲ್ ಪುಸ್ತಕ ತೆಗೆದರು. ನನಗೆ ಹೇಳದೆ ಅದನ್ನೂ ಜೊತೆಜೊತೆಗೆ ಬರೆಯುತ್ತಲೇ ಇದ್ದರು! ಆ ಪುಸ್ತಕ ಇಲ್ಲದಿದ್ದರೆ ಅವತ್ತು ನಾನು ಅಲ್ಲಿಂದ ಹೇಗೆ ಬರುತ್ತಿದ್ದೆನೋ. ಆ ತೋಟದವರು ಮುಂದಿನ ವರ್ಷವೂ 3,600 ಕೊಟ್ಟರು.

ಇಂಥ ಜನರನ್ನು ಬಿಟ್ಟು ನಾವು ದೊಡ್ಡ ಪಾರ್ಟಿಯ ಹಿಂದೆ ಹೋದೆವು.

ಅದೊಂದು ಕಾಫಿ ಕ್ಯೂರಿಂಗ್ ಮತ್ತು ವ್ಯಾಪಾರದ ಕಂಪನಿ. ಹೆಸರು ಬೇಡ, ಊರೂ ಬೇಡ. "ನಮಗೆ ಬೇಕಾದ ಹಾಗೆ ಮಾಡಿಕೊಡು, ನಮಗೆ ಕಾಫಿ ಹಾಕುವ ನಲವತ್ತು ತೋಟದವರಿಗೂ ಇದನ್ನೇ ಹಾಕಿಸ್ತೀನಿ" ಅಂದರು ಯಜಮಾನರು. ನಾನು ಒಪ್ಪಂದದ ಕಾಗದ ತೆಗೆದೆ. ಅವರು ನಕ್ಕರು. "ಪೇಪರೆಲ್ಲ ಯಾಕೆ ತಮ್ಮಾ? ನಿನ್ನ ಅಪ್ಪನ ಕಾಫಿ ಇಪ್ಪತ್ತು ವರ್ಷದಿಂದ ನಮ್ಮಲ್ಲಿಗೇ ಬರ್ತಾ ಇದೆ. ಅವರ ಹತ್ರ ನಾನು ಪೇಪರ್ ಕೇಳಿದ್ದೀನಾ?" ಈ ಮಾತಿಗೆ ಏನು ಉತ್ತರ ಕೊಡುತ್ತೀರಿ ಹೇಳಿ. ನಾನು ಕಾಗದ ಮಡಚಿ ಬ್ಯಾಗಿಗೆ ಹಾಕಿದೆ. ಈ ಕಥೆಯಲ್ಲಿ ನಾನು ಮುಳುಗಿದ್ದು ಆ ಕ್ಷಣದಲ್ಲೇ.

ಮುಂದಿನ ಒಂಬತ್ತು ತಿಂಗಳು ನಾವಿಬ್ಬರೂ ಅವರ ಆಳುಗಳು. ಕೆಲಸ ಮಾತ್ರ ಮಜಾ ಇತ್ತು, ಸುಳ್ಳು ಹೇಳುವುದಿಲ್ಲ. ರೊಬಸ್ಟಾ ಜಾತಿಯ ಕಾಫಿ ಚೆರಿಗೆ 50 ಕೆಜಿ ಮೂಟೆಯ ಲೆಕ್ಕ. ಆದರೆ ಮೂಟೆಗೆ ಎಷ್ಟು ಅನ್ನುವುದು ಓಟಿಯ ಮೇಲೆ ನಿಂತಿದೆ. ಅಂದರೆ ಆ ಐವತ್ತು ಕೆಜಿಯಲ್ಲಿ ಬೇಳೆ ಎಷ್ಟು ಕೆಜಿ ಬರುತ್ತದೆ ಅನ್ನುವುದು. 26 ಬಂದವನಿಗೂ 28 ಬಂದವನಿಗೂ ಒಂದೇ ದುಡ್ಡಲ್ಲ. ತೇವಾಂಶ ಜಾಸ್ತಿ ಇದ್ದರೆ ಅದಕ್ಕೊಂದು ಕಡಿತ. ಎಷ್ಟೋ ಬೆಳೆಗಾರರು ಕಾಫಿ ತಂದು ಗೋದಾಮಿನಲ್ಲಿ ಇಟ್ಟು ಹೋಗುತ್ತಾರೆ, ರೇಟು ಫಿಕ್ಸ್ ಮಾಡುವುದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಮಗಳ ಮದುವೆಗೆ ಅಂತ ಮುಂಗಡ ತೆಗೆದುಕೊಂಡಿರುತ್ತಾರೆ. ಮಾಲು ಬಂದಿದೆ, ದುಡ್ಡು ಹೋಗಿದೆ, ಬೆಲೆ ಮಾತ್ರ ಇಲ್ಲ. ಇದನ್ನು ಖರೀದಿ ಅನ್ನಬೇಕಾ, ಸಾಲ ಅನ್ನಬೇಕಾ? ಅದರ ಮೇಲೆ ಖಾಲಿ ಗೋಣಿಚೀಲದ ಲೆಕ್ಕ. ಯಾರಿಗೆ ಎಷ್ಟು ಚೀಲ ಕೊಟ್ಟದ್ದು, ಎಷ್ಟು ವಾಪಸ್ ಬಂದದ್ದು. ಚೀಲದ ಲೆಕ್ಕಕ್ಕೇ ಆರು ವಾರ ಹೋಯಿತು. ಅದೇ ಆರು ವಾರದಲ್ಲಿ ಹತ್ತೊಂಬತ್ತು ತೋಟದವರಲ್ಲಿ ಏಳು ಜನ ಫೋನ್ ಮಾಡಿದ್ದರು. ಒಂದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲ.

2023ರ ಮಾರ್ಚ್ ಕೊನೆಗೆ ಅವರ ಆಫೀಸಿನಿಂದ ಫೋನ್ ಬಂತು. "ವರ್ಷ ಮುಗೀತಿದೆ, ಇಲ್ಲಿವರೆಗಿನದ್ದಕ್ಕೆ ಬಿಲ್ ಕೊಡಿ. ಜಿಎಸ್‌ಟಿ ಬಿಲ್ಲೇ ಬೇಕು." ನಮ್ಮ ವಹಿವಾಟು 20 ಲಕ್ಷದ ಹತ್ತಿರವೂ ಇರಲಿಲ್ಲ, ನೋಂದಣಿ ಕಡ್ಡಾಯವಾಗಿರಲಿಲ್ಲ. ಇವರಿಗಾಗಿಯೇ ಜಿಎಸ್‌ಟಿ ಮಾಡಿಸಿದ್ದೆವು. 1,80,000ದ ಬಿಲ್, ಅದರ ಮೇಲೆ ಶೇ. 18, ಅಂದರೆ 32,400. ಖುಷಿಯಿಂದ ಬಿಲ್ ಕಳಿಸಿದೆವು. ತೆರಿಗೆ ಕಟ್ಟುವ ಕೊನೆಯ ದಿನ ಏಪ್ರಿಲ್ 20 ಬಂತು, ದುಡ್ಡು ಬರಲಿಲ್ಲ. ಆದರೆ ಬಿಲ್ ಹೋಗಿದೆಯಲ್ಲ, ತೆರಿಗೆ ಕಟ್ಟಲೇಬೇಕು. ಗಿರಾಕಿ ಕೊಡಲಿ ಬಿಡಲಿ, ಸರ್ಕಾರಕ್ಕೆ ಅದು ಸಂಬಂಧವಿಲ್ಲ. ಗೆಳೆಯ ತನ್ನ ಬೈಕ್ ಮಾರಿ ತಂದ ದುಡ್ಡಿನಲ್ಲಿ 32,400 ಕಟ್ಟಿದೆವು. ಬೇರೆಯವರಿಗೆ ಜಿಎಸ್‌ಟಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆದವರು ನಾವು! ದುಡ್ಡು ಬರುವವರೆಗೆ ಪ್ರೊಫಾರ್ಮಾ ಬಿಲ್ (ತೆರಿಗೆ ಬೀಳದ ಅಂದಾಜು ಬಿಲ್) ಕೊಡಬಹುದಿತ್ತು, ಅಡ್ವಾನ್ಸ್ ಕೇಳಬಹುದಿತ್ತು.

ಇದರಿಂದ ಕಲಿತದ್ದೂ ತಪ್ಪು ಪಾಠವೇ. ಬಿಲ್ ಮಾಡಿದರೆ ತೆರಿಗೆ ಬೀಳುತ್ತದೆ ಅಂತ ಹೆದರಿ ಆಮೇಲೆ ಬಿಲ್ಲನ್ನೇ ಮಾಡಲಿಲ್ಲ. ಸೆಪ್ಟೆಂಬರಿನವರೆಗಿನ ಕೆಲಸಕ್ಕೆ ನಮ್ಮ ಹತ್ತಿರ ಇದ್ದ ದಾಖಲೆ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜು ಮಾತ್ರ. "ತಮ್ಮಾ, ಅದೊಂದು ರಿಪೋರ್ಟ್ ನಾಳೆ ಬೆಳಿಗ್ಗೆ ಬೇಕಿತ್ತು" ಅನ್ನುವಂಥವು.

ಜಗಳ ಬಂದದ್ದು ಆಫ್ ಬಟನ್ನಿನ ವಿಷಯಕ್ಕೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕು. ಏನನ್ನು ಬದಲಾಯಿಸಿದರು, ಯಾವಾಗ ಬದಲಾಯಿಸಿದರು ಅನ್ನುವುದು ದಾಖಲಾಗಬೇಕು. ಅದನ್ನು ಆಫ್ ಮಾಡಲು ಬರಬಾರದು. ಆಡಿಟರು ತಮ್ಮ ವರದಿಯಲ್ಲಿ ಅದರ ಬಗ್ಗೆ ಬರೆಯಲೇಬೇಕು. ಸ್ವಂತ ಹೆಸರಿನಲ್ಲಿ ತೋಟ ನಡೆಸುವವರಿಗೆ ಈ ನಿಯಮ ಇಲ್ಲ, ಅದಕ್ಕೆ ನಾವು ತಲೆಯೇ ಹಾಕಿರಲಿಲ್ಲ. ಇವರದ್ದು ಕಂಪನಿ. ಎರಡು ತಿಂಗಳು ಕೂತು ಎಲ್ಲವನ್ನೂ ಮತ್ತೆ ಬರೆದೆವು. ತೋರಿಸಲು ಹೋದಾಗ ಯಜಮಾನರು ಕೇಳಿದ್ದು ಒಂದೇ: "ಇದನ್ನ ಆಫ್ ಮಾಡೋದಕ್ಕೆ ಒಂದು ಬಟನ್ ಇಡು."

ಆಗಲ್ಲ ಅಂದೆವು. ನಾವೇನೂ ಸತ್ಯಹರಿಶ್ಚಂದ್ರರಲ್ಲ. ಪರಿಚಯದ ಆಡಿಟರೊಬ್ಬರು "ಅಂಥ ಬಟನ್ ಇಟ್ಟರೆ ನಿಮ್ಮ ಸಾಫ್ಟ್‌ವೇರನ್ನು ಮುಂದೆ ಯಾವ ಕಂಪನಿಯೂ ಮುಟ್ಟೋಲ್ಲ" ಅಂತ ಹೆದರಿಸಿದ್ದರು, ಅಷ್ಟೇ. "ಹಾಗಾದ್ರೆ ನಿಮ್ದು ನಮಗೆ ಆಗಲ್ಲ ಬಿಡು" ಅಂದರು ಯಜಮಾನರು. ಆ ದಿನದಿಂದ ಫೋನ್ ಎತ್ತಲಿಲ್ಲ. 1,80,000 ಬರಲಿಲ್ಲ. ನಲವತ್ತು ತೋಟದಲ್ಲಿ ಒಂದು ತೋಟವೂ ಬರಲಿಲ್ಲ.

ವಿರಾಜಪೇಟೆಯ ವಕೀಲರ ಹತ್ತಿರ ಹೋದೆ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ನೋಂದಣಿ, ಮಾಡಿಸಿದ್ದೀರಾ ಅಂತ ಕೇಳಿದರು. ಇರಲಿಲ್ಲ. ಅದು ಪುಕ್ಕಟೆ, ಆನ್‌ಲೈನ್, ಅರ್ಧ ಗಂಟೆಯ ಕೆಲಸ. ಸಣ್ಣ ಉದ್ದಿಮೆಯವರ ಕಾಯ್ದೆಯಲ್ಲಿ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ಕೊಡದಿದ್ದರೆ ಸರ್ಕಾರದ ಪೋರ್ಟಲಿನಲ್ಲಿ ದೂರು ಹಾಕಬಹುದು. ಕೆಲಸ ಮುಗಿದ ಮೇಲೆ ನೋಂದಣಿ ಮಾಡಿಸಿ ಹಳೇ ಬಾಕಿಗೆ ಹೋದರೆ ನಿಲ್ಲುವುದು ಕಷ್ಟ ಅಂದರು. ಬಿಲ್ ಇರುವ ಮೊತ್ತಕ್ಕೆ ಸಿವಿಲ್ ಕೇಸು ಹಾಕಬಹುದಿತ್ತು. ಮನೆಯಲ್ಲಿ ಅಪ್ಪ ಮಾತಾಡಲಿಲ್ಲ, ಊಟ ಮುಗಿಸಿ ಎದ್ದು ಹೋದರು. ಮುಂದಿನ ಡಿಸೆಂಬರಿಗೆ ಕಾಫಿ ಎಲ್ಲಿಗೆ ಹಾಕುವುದು ಅನ್ನುವುದು ಅವರ ಚಿಂತೆ. ಕೇಸು ಹಾಕಲಿಲ್ಲ.

ಇನ್ನೊಂದು ಹೊಡೆತ ನಾವೇ ತಂದುಕೊಂಡದ್ದು. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ವಹಿವಾಟು ಸೊನ್ನೆ ಇದ್ದರೂ ಆಡಿಟ್ ಆಗಬೇಕು, ಪ್ರತಿ ವರ್ಷ ಲೆಕ್ಕಪತ್ರ ಮತ್ತು ವಾರ್ಷಿಕ ರಿಟರ್ನ್ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ. ನಾವು ಎರಡು ವರ್ಷದ್ದು ಸಲ್ಲಿಸಿರಲಿಲ್ಲ. ಚೀಲದ ಲೆಕ್ಕದಲ್ಲಿ ಮುಳುಗಿದ್ದೆವಲ್ಲ. 2024ರ ಆಗಸ್ಟಿನಲ್ಲಿ ಕೂತು ಕೂಡಿಸಿದರೆ ದಂಡವೇ ಒಂದೂವರೆ ಲಕ್ಷ ದಾಟಿತ್ತು. ಕಂಪನಿ ಮುಚ್ಚಬೇಕೆಂದರೂ ಮೊದಲು ಇದೆಲ್ಲ ಸಲ್ಲಿಸಿರಬೇಕು.

ಹತ್ತೊಂಬತ್ತು ತೋಟದವರ ಲೆಕ್ಕವನ್ನು ಎಕ್ಸೆಲ್‌ನಲ್ಲಿ ತೆಗೆದು, ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ ಮನೆಮನೆಗೆ ಕೊಟ್ಟು ಬಂದೆ. ಮಳೆ ಹಿಡಿದಿತ್ತು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ದೆ. ಆಮೇಲೆ ಸರ್ವರ್ ನಿಲ್ಲಿಸಿದೆವು. ಅದೇ ಸೀಸನ್ನಿನಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. "ಈ ವರ್ಷ ಲೆಕ್ಕ ಸರಿಯಾಗಿ ಇಡಬೇಕು, ನಿಮ್ಮ ಆ್ಯಪ್ ಇದೆಯಾ?" ಅಂತ ಮೂರ್ನಾಡಿನಿಂದ ಒಬ್ಬರು, ನಾಪೋಕ್ಲಿನಿಂದ ಇಬ್ಬರು ಫೋನ್ ಮಾಡಿದರು.

ಆ ಹುಡುಗನಿಗೆ ಹೇಳಿದ್ದು ಇಷ್ಟು. ಕಂಪನಿ ಈಗಲೇ ಬೇಡ, ಒಬ್ಬರ ಹೆಸರಿನಲ್ಲೋ ಪಾಲುದಾರಿಕೆಯಲ್ಲೋ ಶುರು ಮಾಡು. ಮೊದಲ ಗಿರಾಕಿಯ ಮನೆಗೆ ಹೋಗುವ ಮೊದಲು ಉದ್ಯಮ್ ಮಾಡಿಸು. ಅಡ್ವಾನ್ಸ್ ಬಂದ ಮೇಲೆಯೇ ಒಂದು ಸಾಲು ಕೋಡ್. ಅಪ್ಪನ ಹೆಸರು ಹೇಳಿ ಕಾಗದ ಬೇಡ ಅಂದವರಿಗೆ, ನನ್ನ ಪಾರ್ಟ್ನರ್ ಒಪ್ಪಲ್ಲ ಅಂತ ಪಾರ್ಟ್ನರ್ ಮೇಲೆ ಹಾಕು. ಕೊಯ್ಲಿನ ಸಮಯದಲ್ಲಿ ಯಾರಿಗೂ ಹೊಸದಾಗಿ ಹಾಕಿಸಬೇಡ, ಮಳೆಗಾಲದಲ್ಲಿ ಹಾಕಿಸು, ಆಗ ರೈಟರಿಗೆ ಕೂತು ಕಲಿಯಲು ಪುರುಸೊತ್ತು ಇರುತ್ತದೆ. ಒಂದು ಸೀಸನ್ ಪೂರ್ತಿ ಚೆಕ್‌ರೋಲ್ ಪುಸ್ತಕವೂ ಜೊತೆಯಲ್ಲೇ ನಡೆಯಲಿ. ವೈಫೈ ಬಿಟ್ಟು ತೋಟದ ಮಧ್ಯೆ ನಿಂತು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಸೇವ್ ಅನ್ನು ಹತ್ತು ಸಲ ಒತ್ತಿ ನೋಡು.

"ಆ ದೊಡ್ಡ ಪಾರ್ಟಿನ ಏನು ಮಾಡ್ಲಿ ಅಣ್ಣಾ?" ಅಂದ. ಐವತ್ತು ತೋಟದಲ್ಲಿ ಐದು ತೋಟದವರ ಫೋನ್ ನಂಬರ್ ಈಗಲೇ ಕೊಡಿ ಅಂತ ಕೇಳು ಅಂದೆ. ಕೇಳುತ್ತೇನೆ ಅಂದಿದ್ದಾನೆ.

ನಮ್ಮ ಕಂಪನಿ ಮುಚ್ಚುವ ಅರ್ಜಿಗೆ ಇನ್ನೊಂದು 10,000 ಶುಲ್ಕ. ಅದನ್ನು ಹೋದ ತಿಂಗಳು ಕಟ್ಟಿದೆ. ರಸೀದಿ ಫೈಲಿಗೆ ಹಾಕಿಟ್ಟಿದ್ದೇನೆ.