ವೀಣೆಗೆ ಅರಗೋ, ಮೆಲಮೈನೋ, ಪಿಯುವೋ: ಮೂರನ್ನೂ ಹಚ್ಚಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ವೀಣೆಯ ಮರಕ್ಕೆ ಯಾವ ಪಾಲಿಶ್ ಅನ್ನುವ ಈ ಬರಹ ಅರಗಿನ (ಶೆಲಾಕ್) ಪರ. ಹೋಲಿಸಿದ್ದು ಇಷ್ಟು: ಬೀಟೆ ಮರದ ಹಳೇ ವೀಣೆಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಒಂದು ಹಲಸಿನ ವೀಣೆಗೆ ಮೆಲಮೈನ್, ಇನ್ನೊಂದು ಹಲಸಿನದಕ್ಕೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು, ಅಂದರೆ ಪಾಲಿಯುರೆಥೇನ್. ಎರಡು ಮಳೆಗಾಲ ಕಳೆದವು. ಪಿಯು ಹೊಡೆಸಿದ್ದನ್ನು ಪೂರ್ತಿ ಕೆರೆದು ಅರಗಿಗೆ ಮರಳಿದ್ದಾಗಿದೆ. ಮೆಲಮೈನ್ ಹಾಗೇ ಇದೆ, ಅದನ್ನು ಕೆರೆಯುವ ಉತ್ಸಾಹ ಉಳಿದಿಲ್ಲ.

ಹೊಳಪು, ಗಟ್ಟಿತನ, ನೀರು ತಡೆಯುವ ಶಕ್ತಿ ಎಲ್ಲ ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ, ಅದನ್ನು ಬಿಡುತ್ತೇನೆ. ವೀಣೆ ಊಟದ ಮೇಜಲ್ಲ. ಅದರ ದಂಡಿಯ (ಉದ್ದನೆಯ ಕುತ್ತಿಗೆ) ಮೇಲೆ ಮೇಣವಿದೆ, ನುಡಿಸುವವರ ಬೆರಳಲ್ಲಿ ಕೊಬ್ಬರಿ ಎಣ್ಣೆಯಿದೆ, ಕೊಡದ (ದುಂಡನೆಯ ಬುಡ) ಅಂಚಿನ ಸುತ್ತ ಮರದಲ್ಲಿ ಕೂರಿಸಿದ ಬಿಳಿ ಕೆತ್ತುಪಟ್ಟಿ ಇದೆ. ಪಾಲಿಶ್ ಕೈಕೊಡುವುದು ಈ ಮೂರು ಕಡೆ.

ಪಿಯು ಮೊದಲಿಗೆ ಕೈಕೊಟ್ಟದ್ದು ಮೇಣ, ಎಣ್ಣೆ ಎರಡರಲ್ಲಿ. 24 ಮೆಟ್ಟಿಲುಗಳನ್ನು, ಅಂದರೆ ಮೇಳವನ್ನು, ದಂಡಿಯ ಮೇಲೆ ಕೂರಿಸುವ ಮೇಣವೆಂದರೆ ಜೇನುಮೇಣಕ್ಕೆ ಮಸಿ ಬೆರೆಸಿದ್ದು. ವರ್ಷಗಟ್ಟಲೆ ಅದು ಬೇಸಿಗೆಯಲ್ಲಿ ಮೆತ್ತಗಾಗಿ, ಎಣ್ಣೆಗೈ ತಾಗಿ, ದಂಡಿಯ ಬದಿಗೆ ತೆಳ್ಳಗೆ ಸವರಿಕೊಂಡಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿದರೆ ಹೋಗುವ ಬದಲು ಮರದ ರಂಧ್ರದೊಳಕ್ಕೆ ಇಳಿಯುತ್ತದೆ. ಅದರ ಮೇಲೆ ಪಿಯು ಹೊಡೆದ ಕ್ಷಣವೇ ಪದರ ಹಿಂದೆ ಸರಿದು ಮೀನುಕಣ್ಣಿನ ಹಾಗೆ ದುಂಡು ಗುಳಿಗಳು ಬೀಳುತ್ತವೆ. ಇನ್ನೊಂದು ಕೋಟ್ ಹೊಡೆದರೆ ಗುಳಿ ಮುಚ್ಚಿದಂತೆ ಕಾಣುತ್ತದೆ, ಆದರೆ ಅಲ್ಲಿ ಹಿಡಿತ ಇರುವುದಿಲ್ಲ. ಎಡಗೈ ಹೆಬ್ಬೆರಳು ಓಡಾಡುವ ಅಂಚಿನಲ್ಲಿ ಅದೇ ಜಾಗದಿಂದ ಪದರ ಏಳಲು ಶುರು. ಪರಿಹಾರ ಇದೆ: ಮಿನರಲ್ ಟರ್ಪೆಂಟೈನ್‌ನಲ್ಲಿ ಬಟ್ಟೆ ಅದ್ದಿ, ಪ್ರತಿ ಒರೆಸಿಗೂ ಹೊಸ ಬಟ್ಟೆ ತೆಗೆದುಕೊಂಡು ನಾಲ್ಕೈದು ಸಲ ಒರೆಸಬೇಕು. ಆಮೇಲೆ ಮೇಣ ತೆಗೆದ ಅರಗಿನ ಒಂದು ತೆಳು ಕೋಟ್ ಕೊಟ್ಟು, ಅದರ ಮೇಲೆ ಪಿಯು. ಮೇಣ ತೆಗೆಯದ ಸಾಮಾನ್ಯ ಅರಗಾದರೆ ಅದರೊಳಗಿನ ಮೇಣವೇ ಪಿಯು ಅಂಟದ ಹಾಗೆ ಮಾಡುತ್ತದೆ. ಹೇಗೂ ತಳಕ್ಕೆ ಅರಗು ಹಚ್ಚಲೇಬೇಕೆಂದ ಮೇಲೆ, ಅರಗಲ್ಲೇ ಮುಗಿಸಬಾರದೇಕೆ?

ಬೀಟೆಯವರಿಗೆ ಇನ್ನೊಂದು ಮಾತು. ಒಂದೇ ಡಬ್ಬಿಯ, ಎಣ್ಣೆ ಆಧಾರದ ಪಾಲಿಯುರೆಥೇನ್ ವಾರ್ನಿಷ್ ಬೀಟೆಯ ಮೇಲೆ ಸರಿಯಾಗಿ ಒಣಗುವುದೇ ಇಲ್ಲ. ಮರದೊಳಗಿನ ಸಹಜ ರಸಗಳು ಅದು ಗಟ್ಟಿಯಾಗುವ ಕ್ರಿಯೆಯನ್ನೇ ತಡೆಯುತ್ತವೆ. ವಾರ ಕಳೆದರೂ ಅಂಟಂಟು.

ಮೆಲಮೈನ್ ಬಗ್ಗೆ ಎರಡೇ ಮಾತು. ಬೇಗ ಒಣಗುತ್ತದೆ, ಬಡಗಿಗಳಿಗೆ ಕೈಗೆ ಕೂತಿದೆ, ಅಗ್ಗ. ಆದರೆ ಅದನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡ್‌ನರ್ ಆಮ್ಲ, ಹತ್ತಿರದಲ್ಲಿ ಹಿತ್ತಾಳೆ ತಗಡಿದ್ದರೆ ಅಂಚಿನಲ್ಲಿ ಹಸಿರುಗಟ್ಟುತ್ತದೆ. ಮಳೆಗಾಲದಲ್ಲಿ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತದೆ. ವಾಸನೆ ಮನೆಯಲ್ಲಿ ತಿಂಗಳಾದರೂ ಇರುತ್ತದೆ.

ಇನ್ನು ಅರಗು. ಹೊಗಳುವ ಮೊದಲು ಅದರ ದೊಡ್ಡ ಕಿರಿಕಿರಿಯನ್ನೇ ಹೇಳಬೇಕು, ಏಕೆಂದರೆ ಹೆಚ್ಚಿನವರು ಅರಗು ಬಿಟ್ಟು ಓಡುವುದು ಇಲ್ಲೇ. ಸ್ಪಿರಿಟ್ ತಾಗಿದರೆ ಮರ ಬಣ್ಣ ಬಿಡುತ್ತದೆ. ಬೀಟೆಯದು ನೇರಳೆ ಮಿಶ್ರಿತ ಕಂದು, ಹಲಸಿನದು ಅಪ್ಪಟ ಹಳದಿ. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಚಕ್ಕೆಯಿಂದಲೇ ಬಣ್ಣ ಕಟ್ಟುತ್ತಿದ್ದರು ಅಂದರೆ ಎಷ್ಟು ಬಿಡುತ್ತದೆ ನೋಡಿ. ಅರಗು ಹಚ್ಚುವ, ಬಟ್ಟೆ ಸುತ್ತಿದ ಹತ್ತಿ ಉಂಡೆಯನ್ನು ಎಂದಿನಂತೆ ದುಂಡಗೆ ತಿರುಗಿಸುತ್ತ ಹೋದರೆ, ಮರದಿಂದ ಎತ್ತಿಕೊಂಡ ಬಣ್ಣವನ್ನು ಅದು ಸೀದಾ ಬಿಳಿ ಪಟ್ಟಿಯ ಮೇಲೆ ಒರೆಸುತ್ತದೆ. ಮೂಳೆಯ ಪಟ್ಟಿಯಾದರೆ ಸಣ್ಣ ರಂಧ್ರಗಳಿಗೆ ಬಣ್ಣ ಇಳಿದು ಕೂರುತ್ತದೆ. ಅಕ್ರಿಲಿಕ್ ಆದರೆ ಮೈ ಹೀರುವುದಿಲ್ಲ, ಆದರೆ ಕೆತ್ತನೆಯ ಗೀರು, ತುಂಡುಗಳ ನಡುವಿನ ಸಂದು ಎಲ್ಲ ಹಲ್ಲಿಗೆ ಎಲೆಯಡಿಕೆ ಹತ್ತಿದ ಹಾಗೆ ಕಾಣುತ್ತವೆ. ಒಂದು ಸಲ ಇಳಿದ ಮೇಲೆ ಒರೆಸಿ ತೆಗೆಯುತ್ತೇನೆ ಅಂತ ಇನ್ನಷ್ಟು ಸ್ಪಿರಿಟ್ ಹಾಕಿದರೆ ಮತ್ತಷ್ಟು ಒಳಗೆ ಹೋಗುತ್ತದೆ. ಬ್ಲೇಡಿನಿಂದ ಮೇಲ್ಪದರ ಕೆರೆಯುವುದೊಂದೇ ದಾರಿ. ಹಾಗೆ ಕೆರೆದರೆ ಕೆತ್ತನೆ ಸವೆಯುತ್ತದೆ.

ಇದನ್ನು ತಪ್ಪಿಸುವ ಕೆಲಸ ಉಪ್ಪುಕಾಗದದಿಂದಲೇ ಶುರು. 150, 220, 320 ನಂಬರ್ ಅಂತ ನಯವಾದದ್ದಕ್ಕೆ ಹೋಗುವಾಗ ಉಜ್ಜುವ ದಿಕ್ಕು ಬಿಳಿ ಪಟ್ಟಿಯಿಂದ ಮರದ ಕಡೆಗಿರಲಿ. ಅಡ್ಡಡ್ಡ ಉಜ್ಜಿದರೆ ಕಪ್ಪು ಹೊಟ್ಟು ಮೂಳೆಯ ರಂಧ್ರ ಸೇರುತ್ತದೆ. ಕೊನೆಗೆ ಹೊಟ್ಟನ್ನು ವ್ಯಾಕ್ಯೂಮ್‌ನಿಂದ ಎಳೆದು, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ. ಇಲ್ಲಿ ಸ್ಪಿರಿಟ್ ಮುಟ್ಟಬೇಡಿ, ಮುಟ್ಟಿದರೆ ಬಣ್ಣ ಆಗಲೇ ಹೊರಟಿತು.

ಆಮೇಲೆ ಬಿಳಿಗೆ ಮೊದಲು ಕವಚ. 1 ಲೀಟರ್ ಸ್ಪಿರಿಟ್‌ಗೆ 240 ಗ್ರಾಂ ಲೆಕ್ಕದಲ್ಲಿ ಮೇಣ ತೆಗೆದ ತಿಳಿ ಬಣ್ಣದ ಅರಗು ಕರಗಿಸಿಕೊಳ್ಳಿ. 100 ಮಿ.ಲೀ.ಗೆ 24 ಗ್ರಾಂ ಸಾಕು, ಒಂದು ವೀಣೆಯ ಬಿಳಿ ಭಾಗಕ್ಕೆ ಅಷ್ಟೂ ಖರ್ಚಾಗುವುದಿಲ್ಲ. ಚಿತ್ರ ಬರೆಯುವ ಸಣ್ಣ ಬ್ರಷ್‌ನಿಂದ ಬಿಳಿಯ ಮೇಲಷ್ಟೇ ಒಂದು ಕೋಟ್, ಒಂದು ಗಂಟೆ ಬಿಟ್ಟು ಇನ್ನೊಂದು, ಮರುದಿನದವರೆಗೆ ಬಿಡಿ. ಈಗ ಬಣ್ಣ ಬಂದು ಕೂತರೂ ಕವಚದ ಮೇಲೆ ಕೂರುತ್ತದೆ, ಬಿಳಿಯೊಳಗೆ ಇಳಿಯುವುದಿಲ್ಲ.

ಮರಕ್ಕೆ ಮೊದಲ ಮೂರು ನಾಲ್ಕು ಕೈ ತುಂಬ ತೆಳು: ಲೀಟರಿಗೆ 120 ಗ್ರಾಂ, ಉಂಡೆ ಬಹುತೇಕ ಒಣಗಿದಂತಿರಬೇಕು, ಕೆನ್ನೆಗೆ ತಾಗಿಸಿದರೆ ತಣ್ಣಗೆ ಅನಿಸಬೇಕು, ಒದ್ದೆ ಅನಿಸಬಾರದು. ಬಿಳಿ ಪಟ್ಟಿಯ ಅಂಚಿನಿಂದ ಹೊರಟು ಮರದ ಕಡೆಗೆ ಒಂದೇ ಎಳೆತ, ಕೊನೆಯಲ್ಲಿ ಎತ್ತಿಬಿಡಿ. ವಾಪಸ್ ತರಬೇಡಿ. ಈ ಹಂತದಲ್ಲಿ ದುಂಡಗೆ ತಿರುಗಿಸುವುದೂ ಇಲ್ಲ. ನಾಲ್ಕೈದು ಎಳೆತಕ್ಕೊಮ್ಮೆ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿಕೊಳ್ಳಿ. ಮೊದಲ ಬಟ್ಟೆ ಜಂಬುನೇರಳೆ ತಿಂದ ನಾಲಿಗೆಯ ಹಾಗಾಗುತ್ತದೆ. ಬಟ್ಟೆಗೆ ಬಣ್ಣ ಹತ್ತುವುದು ನಿಂತಿತು ಅಂದರೆ ಮರ ಮುಚ್ಚಿಕೊಂಡಿದೆ ಅಂತ ಅರ್ಥ. ಆಗ ಬ್ಲೇಡನ್ನು ನೆಟ್ಟಗೆ ಹಿಡಿದು ಬಿಳಿಯ ಮೇಲಿನ ಕವಚವನ್ನಷ್ಟೇ ಹಗುರವಾಗಿ ಕೆರೆದರೆ, ಹತ್ತಿದ ಅಲ್ಪಸ್ವಲ್ಪ ಬಣ್ಣವೂ ಅದರ ಜೊತೆಗೇ ಬರುತ್ತದೆ. ಇನ್ನು ಮುಂದೆ ಎಲ್ಲದರ ಮೇಲೂ ನಿಮ್ಮ ಇಷ್ಟದಂತೆ ದುಂಡಗೆ, ಎಂಟರ ಆಕಾರಕ್ಕೆ, ಹೇಗೆ ಬೇಕಾದರೂ.

ಇಷ್ಟರಲ್ಲಿ ಒಂದು ಬಲೆ ಉಳಿದಿದೆ. ಬಿಳಿ ಪಟ್ಟಿಯ ಗೀರುಗಳಿಗೆ ತುಂಬಿದ ಕಪ್ಪು ಅರಗು-ಮಸಿಯದ್ದಾಗಿದ್ದರೆ ಅದೂ ಸ್ಪಿರಿಟ್‌ಗೆ ಕರಗಿ ಬಳಿದುಕೊಳ್ಳುತ್ತದೆ, ಕವಚ ಹಚ್ಚುವ ಬ್ರಷ್ಷಿಗೇ ಬರಬಹುದು. ಕವಚಕ್ಕೆ ಮೊದಲೇ ಗೀರಿನ ಮೂಲೆಯೊಂದನ್ನು ಸ್ಪಿರಿಟ್ ಅದ್ದಿದ ಹಲ್ಲುಕಡ್ಡಿಯಿಂದ ಮುಟ್ಟಿ ನೋಡಿ. ಕಡ್ಡಿ ಕಪ್ಪಾದರೆ ಹಳೆಯದನ್ನು ಪೂರ್ತಿ ತೊಳೆದು, ಎಪಾಕ್ಸಿ ಅಂಟಿಗೆ ಚಿಟಿಕೆ ಮಸಿ ಬೆರೆಸಿ ತುಂಬಿ, ಗಟ್ಟಿಯಾದ ಮೇಲೆ ಮಟ್ಟ ಮಾಡಿ. ಎಪಾಕ್ಸಿಯನ್ನು ಸ್ಪಿರಿಟ್ ಒರೆಸು ಅಲುಗಿಸುವುದಿಲ್ಲ. ಅಕ್ರಿಲಿಕ್ ಪೇಂಟ್ ತುಂಬಬೇಡಿ, ಅದೂ ಸ್ಪಿರಿಟ್‌ಗೆ ಮೆತ್ತಗಾಗುತ್ತದೆ.

ಇಷ್ಟೆಲ್ಲ ಒದ್ದಾಟ ಪಿಯುನಲ್ಲಿ ಇಲ್ಲ, ಒಪ್ಪುತ್ತೇನೆ. ಸ್ಪ್ರೇ ಹೊಡೆದರೆ ಏನನ್ನೂ ಒರೆಸುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಪಿಯುವಿನ ತೊಂದರೆ ಅದೇ ಬಿಳಿ ಪಟ್ಟಿಯ ಅಂಚಿನಲ್ಲಿ ತಡವಾಗಿ ಬರುತ್ತದೆ. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಪ್ಲಾಸ್ಟಿಕ್ ಪಟ್ಟಿ ಹಾಗೆ ಮಾಡುವುದಿಲ್ಲ. ಎರಡೂ ಸೇರುವ ಗೆರೆಯ ಮೇಲೆ ದಪ್ಪ ಪದರ ಬಿರುಕುಬಿಟ್ಟು, ಬೆಳ್ಳಿ ಎಳೆಯಂತೆ ಗಾಳಿ ಹೊಕ್ಕ ಗೆರೆ ಕಾಣುತ್ತದೆ. ಅಷ್ಟನ್ನೇ ತೇಪೆ ಹಾಕಲು ಬರುವುದಿಲ್ಲ, ಏಕೆಂದರೆ ಗಟ್ಟಿಯಾದ ಪಿಯುವಿನೊಳಗೆ ಹೊಸ ಪಿಯು ಕರಗಿ ಬೆರೆಯುವುದಿಲ್ಲ, ಪದರದ ಅಂಚು ಉಂಗುರದ ಹಾಗೆ ಕಾಣುತ್ತಲೇ ಇರುತ್ತದೆ. ಇಡೀ ಮುಖವನ್ನು ಉಜ್ಜಿ ಮತ್ತೆ ಹೊಡೆಯಬೇಕು. ದಂಡಿಯ ತುದಿಯಲ್ಲಿ ಕೆತ್ತಿದ ಯಾಳಿ ಮುಖದ ಹಲ್ಲು, ಕಿವಿ, ಕೇಸರದ ಸಂದುಗಳಲ್ಲಿ ಹೊಕ್ಕ ಪಿಯು ತೆಗೆಯುವುದು ಶತ್ರುವಿಗೂ ಬೇಡ.

ಅರಗು ಹಾಗಲ್ಲ. ಹೊಸ ಅರಗು ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ನುಡಿಸುವವರ ಬಲಮುಂಗೈ ತಾಗುವ ಕಡೆ ಬೆವರಿಗೆ ಮಂಕಾದರೆ ಹದಿನೈದು ನಿಮಿಷದ ಕೆಲಸ. ನೀರಿನ ಲೋಟ ಇಟ್ಟು ಬಿಳಿ ಉಂಗುರ ಬಿದ್ದರೂ ಸ್ಪಿರಿಟ್ ಸೋಕಿಸಿದ ಉಂಡೆ ಎರಡು ಸಲ ಹಾಯ್ದರೆ ಸಾಕು. ಸ್ಯಾನಿಟೈಸರ್ ಹಚ್ಚಿದ ಕೈ ಮಾತ್ರ ದೂರವಿರಲಿ, ಅದು ಸ್ಪಿರಿಟ್ಟೇ. ಸೋಪಿನ ನೀರೂ ಬೇಡ, ಕ್ಷಾರಕ್ಕೆ ಅರಗು ಕರಗುತ್ತದೆ.

ಬಿಸಿಲಿಗೆ ಅರಗು ತಡೆಯಲ್ಲ ಅನ್ನುವ ದೂರು ಕೇಳಿಬರುತ್ತದೆ. ನಿಜ, ಸುಮಾರು 75 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದು ಕರಗಲು ಶುರು. ಆದರೆ ಜೇನುಮೇಣ 62ರಿಂದ 65ಕ್ಕೇ ಕರಗುತ್ತದೆ. ಕಾರಿನಲ್ಲಿ ಬಿಸಿಲಿಗೆ ಬಿಟ್ಟ ವೀಣೆಯ ಪಾಲಿಶ್ ಮೆತ್ತಗಾಗುವ ಮೊದಲೇ ಮೇಳ ಕೂತುಹೋಗಿರುತ್ತದೆ. ಆಗ ಪಾಲಿಶ್ ಬಗ್ಗೆ ಯಾರು ಯೋಚಿಸುತ್ತಾರೆ?

ಅರಗು ಕೊಳ್ಳುವಾಗ ಕರಗಿಸಿಟ್ಟ ಬಾಟಲಿ ಬೇಡ, ಚಕ್ಕೆಯನ್ನೇ ತನ್ನಿ. ಕೆಲವು ಹಾರ್ಡ್‌ವೇರ್ ಅಂಗಡಿಗಳಲ್ಲಿ ಚಪಡಾ ಅಂತ ಕೇಳಿದರೆ ಕೊಡುತ್ತಾರೆ. 150 ಗ್ರಾಂ ಒಂದು ವೀಣೆಗೆ ಧಾರಾಳ. ಕರಗಿಸಿದ್ದು ಆರು ತಿಂಗಳಿಗೆ ಹಳತಾಗುತ್ತದೆ, ಆಮೇಲೆ ಎಷ್ಟು ಹೊತ್ತಾದರೂ ಗಟ್ಟಿಯಾಗುವುದಿಲ್ಲ. ಗಾಜಿನ ಮೇಲೆ ಒಂದು ತೆಳು ಗೆರೆ ಎಳೆದು ಅರ್ಧ ಗಂಟೆ ಬಿಟ್ಟು ಉಗುರು ಒತ್ತಿ, ಗುರುತು ಬಿದ್ದರೆ ಚೆಲ್ಲಿ. ಸ್ಪಿರಿಟ್‌ನಲ್ಲಿ ನೀರು ಹೆಚ್ಚಿದ್ದರೂ, ಜೋರು ಮಳೆ ಸುರಿಯುವ ದಿನ ಹಚ್ಚಿದರೂ ಬಿಳಿಚಿಕೊಳ್ಳುತ್ತದೆ. ಜಾರಲೆಂದು ಉಂಡೆಗೆ ಹಾಕುವ ಮಿನರಲ್ ಎಣ್ಣೆ ಒಂದೆರಡು ಹನಿ ಮಾತ್ರ, ಹೆಚ್ಚಾದರೆ ವಾರದ ಮೇಲೆ ಬೆವರಿನಂತೆ ಮೇಲೆ ಬರುತ್ತದೆ. ಮುಗಿದ ಮೇಲೆ ಎರಡು ಮೂರು ವಾರ ಪೆಟ್ಟಿಗೆಗೆ ಹಾಕಬೇಡಿ, ಮಖಮಲ್ಲಿನ ಅಚ್ಚು ಬೀಳುತ್ತದೆ.

ನಾದದ ವಿಷಯ ಒಂದೇ ಸಾಲು: ಕೊಡದ ಮೇಲ್ಹಲಗೆಗೆ ಯಾವುದೇ ಪಾಲಿಶ್ ಆದರೂ ತೆಳುವಾಗಿರಬೇಕು, ಮತ್ತು ತೆಳುವಾಗಿ ನಿಲ್ಲಿಸುವುದು ಅರಗಿನಲ್ಲಿ ಸುಲಭ.

ಬಿಳಿಗೆ ಯಾವುದು ಅಂತ ಕೇಳಿದರೆ ಮೂಳೆ. ಹಳೇ ವೀಣೆಯಲ್ಲಿ ದಂತ ಇದ್ದರೆ ಇರುವುದನ್ನು ಮುಟ್ಟದೆ ಬಿಡಿ. 1986 ಮತ್ತು 1991ರ ಕಾನೂನು ತಿದ್ದುಪಡಿಗಳ ನಂತರ ದಂತದ ವ್ಯಾಪಾರ ದೇಶದಲ್ಲಿ ನಿಷಿದ್ಧ, ವಿದೇಶಕ್ಕೆ ಒಯ್ಯುವುದಂತೂ ತಲೆನೋವು. ಅಕ್ರಿಲಿಕ್ ಬಳಸುವುದಾದರೆ ಪಟ್ಟಿ ಕೂರುವ ಗುಳಿಯೊಳಕ್ಕೆ ಬಿಗಿಯಾಗಿ ಬಡಿದು ಕೂರಿಸಬೇಡಿ. ಒತ್ತಡದಲ್ಲಿರುವ ಅಕ್ರಿಲಿಕ್‌ಗೆ ಸ್ಪಿರಿಟ್ ತಾಗಿದರೆ ಕೂದಲೆಳೆ ಬಿರುಕು ಬರುತ್ತದೆ. ಹಳೇ ಸೆಲ್ಯುಲಾಯ್ಡ್ ಪಟ್ಟಿ ಇದ್ದರೆ ಮೆಲಮೈನ್, ಪಿಯು ಎರಡರ ಥಿನ್ನರೂ ಅದನ್ನು ಕರಗಿಸಿಬಿಡುವ ಅಪಾಯವಿದೆ. ಸೂಪರ್ ಗ್ಲೂನಿಂದ ಅಂಟಿಸುವ ಮುಂಚೆ ಗುಳಿಯ ಸುತ್ತ ಒಂದು ಕೈ ಅರಗು ಹಚ್ಚಿ, ಇಲ್ಲದಿದ್ದರೆ ಅಂಟು ಮರಕ್ಕೆ ಹರಡಿ ಅಳಿಸಲಾಗದ ಕಲೆಯಾಗುತ್ತದೆ.

ಕಂಪ್ರೆಸರ್, ಸ್ಪ್ರೇ ಗನ್, ರಾಸಾಯನಿಕ ಆವಿ ತಡೆಯುವ ಮಾಸ್ಕ್, ಧೂಳಿಲ್ಲದ ಕೋಣೆ ಇರುವವರು, ವರ್ಷಕ್ಕೆ ಹತ್ತಾರು ಕೆತ್ತುಪಟ್ಟಿಯಿಲ್ಲದ ಹಲಸಿನ ವೀಣೆ ಮುಗಿಸುವವರು ಪಿಯು ಹೊಡೆಯಲಿ. ಮಕ್ಕಳ ಕೈಗೆ ಹೋಗುವ ಪಾಠಶಾಲೆಯ ವೀಣೆಗೂ ಅದೇ ಸರಿ. ಪಿಯುವಿನ ಹಾರ್ಡ್‌ನರ್‌ನಲ್ಲಿರುವ ಐಸೊಸೈನೇಟ್ ಉಸಿರಾಟಕ್ಕೆ ಕೆಟ್ಟದ್ದು, ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ವಸ್ತು ಅಲ್ಲ. ವರಾಂಡದಲ್ಲಿ ಕೂತು ಹಳೇ ಪಂಚೆ ಹರಿದು ಉಂಡೆ ಕಟ್ಟಿಕೊಂಡು ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಕೊಡಬಲ್ಲವರಿಗೆ, ಒಂದೇ ವೀಣೆ ಇರುವವರಿಗೆ ಅರಗು.

ಈಗಾಗಲೇ ಮನೆಯಲ್ಲಿರುವ ವೀಣೆಗೆ ಏನು ಹಚ್ಚಿದೆ ಗೊತ್ತಿಲ್ಲದಿದ್ದರೆ, ಕೊಡದ ತಳದಲ್ಲಿ ಕಾಣದ ಜಾಗಕ್ಕೆ ಹತ್ತಿಕಡ್ಡಿಯಿಂದ ಒಂದು ಹನಿ ಸ್ಪಿರಿಟ್ ಮುಟ್ಟಿಸಿ. ಅರ್ಧ ನಿಮಿಷದಲ್ಲಿ ಅಂಟಂಟಾದರೆ ಅರಗು. ಆಗದಿದ್ದರೆ ಇನ್ನೊಂದು ಮೂಲೆಗೆ ಎನ್.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರ್, ಮೆತ್ತಗಾದರೆ ಎನ್.ಸಿ. ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನೋ ಪಿಯುವೋ ಇದೆ, ಅದರ ಮೇಲೆ ಅರಗು ಹಚ್ಚಲು ಹೋಗುವ ಮೊದಲು ಕೆರೆಯುವ ತಾಳ್ಮೆ ಎಷ್ಟಿದೆ ನೋಡಿಕೊಳ್ಳಿ.