‘ಬ್ಯಾಡ್ರಿ’ ಅಂದವನಿಗೇ ದುಡ್ಡು ಕೊಟ್ಟು ಬಂದೆ: ಅಂಕಸಮುದ್ರದಲ್ಲಿ ಒಂದು ಭಾನುವಾರ

ಮೊದಲೇ ಹೇಳಿಬಿಡುತ್ತೇನೆ, ಕೆರೆಯ ಹಕ್ಕಿ ತೋರಿಸಿ ಊಟ ಹಾಕೋ ಅಂಕಸಮುದ್ರದವರಿಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಮಾಡಿದೆ ಅಂತ ಕೆಳಗೆ ಬರೆದಿದ್ದೇನೆ. ಅದರಲ್ಲೂ ಅರ್ಧ ತಪ್ಪು ನಮ್ಮದೇ.

ನಾವು ದಾವಣಗೆರೆಯವರು, ನನ್ನದು ಮಂಡಕ್ಕಿ ವ್ಯಾಪಾರ. ಭಾನುವಾರ ಬಂತು ಅಂದರೆ ಮಕ್ಕಳದು ಒಂದೇ ರಾಗ, ಎಲ್ಲಿಗಾದರೂ ಹೋಗೋಣ. ಎಲ್ಲಿಗೆ ಹೋಗೋದು? ಕೊಂಡಜ್ಜಿ ಆಯಿತು, ಸೂಳೆಕೆರೆ ಆಯಿತು, ಹರಿಹರ ಆಯಿತು, ಮತ್ತೆ ಕೊಂಡಜ್ಜಿ. ಈ ಸಲ ನನ್ನ ಭಾವಮೈದ ಹೊಸದಾಗಿ ಒಂದು ಡ್ರೋನ್ ಬೇರೆ ತಗೊಂಡಿದ್ದ, ಅದನ್ನು ಹಾರಿಸೋಕೆ ಅವನಿಗೊಂದು ಜಾಗ ಬೇಕಿತ್ತು. ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ಗಿರಾಕಿ ನನ್ನ ಹತ್ತಿರ ಮಂಡಕ್ಕಿ ತಗೊಳ್ಳುತ್ತಾರೆ. ಅವರೇ ಹೇಳಿದ್ದು: ನಮ್ಮ ಕಡೆ ಅಂಕಸಮುದ್ರದ ಕೆರೆ ಇದೆ, ಹಕ್ಕಿ ನೋಡೋಕೆ ಬರ್ರಿ, ಅಲ್ಲಿಯ ಹುಡುಗರು ಕರಕೊಂಡು ಹೋಗಿ ತೋರಿಸುತ್ತಾರೆ, ನಾಲ್ಕೈದು ಮನೆಯವರು ಸರದಿ ಮೇಲೆ ಊಟ ಹಾಕುತ್ತಾರೆ ಅಂತ. ಇದಕ್ಕೆ ಬೋರ್ಡಿಲ್ಲ, ಹೆಸರಿಲ್ಲ, ಬುಕಿಂಗ್ ಆ್ಯಪ್ ಇಲ್ಲ. ಒಂದು ಫೋನ್ ಮಾಡಬೇಕು, ಅಷ್ಟೇ.

ಫೆಬ್ರವರಿಯ ಒಂದು ಭಾನುವಾರ, ಬೆಳಿಗ್ಗೆ ನಾಲ್ಕೂವರೆಗೆ ಹೊರಟೆವು. ಬೆಣ್ಣೆದೋಸೆ ಅಂಗಡಿ ತೆರೆಯುವ ಮೊದಲೇ ಊರು ಬಿಟ್ಟಿದ್ದಕ್ಕೆ ನಮ್ಮ ಮಾವನಿಗೆ ಹರಪನಹಳ್ಳಿ ಬರೋವರೆಗೂ ಬೇಜಾರು. (ಹರಪನಹಳ್ಳಿ 1997ರಿಂದ ಒಂದಿಪ್ಪತ್ತು ವರ್ಷ ನಮ್ಮ ಜಿಲ್ಲೆಯಲ್ಲೇ ಇತ್ತು. ಈಗ ವಿಜಯನಗರ ಜಿಲ್ಲೆ. ಮಾವ ಇನ್ನೂ ‘ನಮ್ಮ ಹರಪನಹಳ್ಳಿ’ ಅಂತಲೇ ಅನ್ನುತ್ತಾರೆ.) ಅಲ್ಲಿಂದ ಹಗರಿಬೊಮ್ಮನಹಳ್ಳಿ, ಅಲ್ಲಿಂದ ಕೆರೆ ಹತ್ತಿರವೇ. ಹೆಚ್ಚುಕಡಿಮೆ ನೂರು ಕಿಲೋಮೀಟರ್. ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಚಹಾ ಕುಡಿದೆವು. ಅದರ ಬಗ್ಗೆ ಬರೆಯದಿರುವುದೇ ವಾಸಿ.

ಕೆರೆ ಹತ್ತಿರ ಹುಡುಗ ನಿಂತಿದ್ದ. ಡಿಪ್ಲೊಮಾ ಓದಿದವನು, ಅಪ್ಪನ ಜೊತೆ ಗದ್ದೆ ಮಾಡುತ್ತಾನೆ, ಭಾನುವಾರ ಈ ಕೆಲಸ. ಕುತ್ತಿಗೆಯಲ್ಲಿ ಒಂದು ಹಳೇ ಬೈನಾಕ್ಯುಲರ್. ಭಾವಮೈದ ಕಾರಿನ ಡಿಕ್ಕಿ ತೆಗೆದು ಡ್ರೋನ್ ಪೆಟ್ಟಿಗೆ ಹೊರಗಿಟ್ಟಿದ್ದೇ ತಡ, ಹುಡುಗ ಅಂದ, “ಅಣ್ಣಾರೆ, ಅದು ಬ್ಯಾಡ್ರಿ. ಒಳಗಿಡ್ರಿ.”

ಮೊದಲ ಮಾತೇ ‘ಬ್ಯಾಡ್ರಿ’. ಭಾವಮೈದ ಮುಖ ಊದಿಸಿಕೊಂಡ. “ನಾವೇನು ಸುಮ್ನೆ ಬಂದಿದ್ದೀವಾ, ದುಡ್ಡು ಕೊಡ್ತೀವಲ್ಲ” ಅಂದ. ಹುಡುಗ ಜಗಳಕ್ಕೆ ಬರಲಿಲ್ಲ. ಬೈನಾಕ್ಯುಲರ್ ತೆಗೆದು ಅವನ ಕೈಗೆ ಕೊಟ್ಟು, ಆ ಮರ ನೋಡ್ರಿ ಅಂದ, ಅಷ್ಟೇ.

ಕೆರೆ ಒಳಗೆ ಕರಿಜಾಲಿ ಮರಗಳು. ನೀರಿನ ನಡುವೆಯೇ ನಿಂತಿವೆ. ಎಲೆಗಿಂತ ಹಕ್ಕಿಯೇ ಜಾಸ್ತಿ. ದೂರದಿಂದ ನೋಡಿದರೆ ಬಟ್ಟೆ ಒಣಹಾಕಿದ ಹಾಗೆ ಕಾಣುತ್ತದೆ. ಬೈನಾಕ್ಯುಲರಲ್ಲಿ ನೋಡಿದಾಗಲೇ ಗೊತ್ತಾಗಿದ್ದು, ಅವು ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳು ಮುಖ, ಬಾಲದ ಹತ್ತಿರ ಯಾರೋ ಹೋಳಿ ಆಡಿ ಕೈ ಒರೆಸಿದ ಹಾಗೆ ಒಂದಿಷ್ಟು ಗುಲಾಬಿ ಗರಿ. ಒಂದು ತಾಯಿ (ತಂದೆಯೂ ಇರಬಹುದು, ಎರಡೂ ನೋಡೋಕೆ ಒಂದೇ ಥರ) ಬಿಸಿಲಿಗೆ ಬೆನ್ನು ಕೊಟ್ಟು ಎರಡೂ ರೆಕ್ಕೆ ಅರ್ಧ ಬಿಚ್ಚಿ ನಿಂತಿತ್ತು. ಅಲ್ಲಾಡುತ್ತಲೇ ಇಲ್ಲ. ಕೆಳಗೆ ನೆರಳಿನಲ್ಲಿ ಎರಡು ಮರಿ, ಬಾಯಿ ತೆರೆದುಕೊಂಡು.

“ಡ್ರೋನ್ ಹಾರಿದರೆ ಅದು ಎದ್ದು ಹೋಗ್ತೈತ್ರಿ” ಅಂದ ಹುಡುಗ. “ಹತ್ತು ನಿಮಿಷ ವಾಪಸ್ ಬರಲಿಲ್ಲ ಅಂದ್ರ ಮರಿ ಬಿಸಿಲಿಗೆ ಬೇಯ್ತಾವ. ಇಲ್ಲಾ ಕಾಗಿ, ಹದ್ದು ಕಾಯ್ತಾ ಇರ್ತಾವ.”

ಭಾವಮೈದ ಪೆಟ್ಟಿಗೆ ವಾಪಸ್ ಡಿಕ್ಕಿಗೆ ಇಟ್ಟ. ಏನೂ ಮಾತಾಡಲಿಲ್ಲ. ಅವನು ಸುಮ್ಮನಿದ್ದಾನೆ ಅಂದರೆ ಒಪ್ಪಿದ ಅಂತ ಅರ್ಥ.

ಮುಂದಿನ ಎರಡು ತಾಸಿನಲ್ಲಿ ಇನ್ನೂ ನಾಲ್ಕು ಸಲ ‘ಬ್ಯಾಡ್ರಿ’ ಕೇಳಿದೆವು. ಹತ್ತಿರದಿಂದ ಫೋಟೋ ತೆಗೆಯೋಣ ಅಂತ ನಾನು ನೀರಿನ ಅಂಚಿಗೆ ಇಳಿದೆ, ಬ್ಯಾಡ್ರಿ. ಮಗಳು ಮೊಬೈಲಿನಲ್ಲಿ ಯಾವುದೋ ಹಕ್ಕಿಯ ಕೂಗು ಹುಡುಕಿ ಹಾಕಿದಳು, ಅದೂ ಬೇಡವಂತೆ. ಅದನ್ನು ಕೇಳಿದ ಹಕ್ಕಿ ಬೇರೆ ಯಾರೋ ತನ್ನ ಜಾಗಕ್ಕೆ ಬಂದರು ಅಂತ ತಿನ್ನೋದು ಬಿಟ್ಟು ಹುಡುಕಾಡುತ್ತದಂತೆ. ಕೆಂಪು ಟೀ ಶರ್ಟಿನ ಮಗನನ್ನು ಹಿಂದೆ ನಿಲ್ಲಿಸಿದ. ಕೊನೆಯದು ನನಗೇ ನಾಟಿದ್ದು. ನಾನು ಅಷ್ಟು ದೂರದಿಂದ ನಮ್ಮದೇ ಮಂಡಕ್ಕಿ ಒಂದು ಚೀಲ ತಂದಿದ್ದೆ, ದಾರಿಗೆ ಅಂತ. ಚಿಕ್ಕವನು ಒಂದು ಹಿಡಿ ತೆಗೆದು ನೀರಿನಲ್ಲಿದ್ದ ನಾಮದ ಕೋಳಿ ಅನ್ನೋ ಹಕ್ಕಿಗಳ ಕಡೆ ಎಸೆದ. ಹುಡುಗ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, “ಇದು ಅವುಕ ಬ್ಯಾಡಪ್ಪ, ನೀ ತಿನ್ನು, ನನಗೂ ಸ್ವಲ್ಪ ಕೊಡು” ಅಂದ. ಉಪ್ಪು ಖಾರ ಎಣ್ಣೆ ಹಾಕಿದ್ದು ಹಕ್ಕಿ ತಿನ್ನಬಾರದು, ತಿನ್ನದೆ ಬಿಟ್ಟಿದ್ದು ನೀರಿನಲ್ಲಿ ಕೊಳೆಯುತ್ತದೆ, ಎಲ್ಲಕ್ಕಿಂತ ಜಾಸ್ತಿ, ಮನುಷ್ಯರು ಬಂದರೆ ತಿಂಡಿ ಬಂತು ಅಂತ ಕಲಿತುಬಿಡುತ್ತವೆ. ಮಂಡಕ್ಕಿ ಮಾರೋ ನನಗೆ ಮಂಡಕ್ಕಿ ಬೇಡ ಅಂದವರು ಜೀವನದಲ್ಲಿ ಇವನೊಬ್ಬನೇ.

ಆದರೆ ತೋರಿಸಿದ್ದು ಕಡಿಮೆ ಏನಲ್ಲ. ಕೆಂಬರಲು, ಬಾಯ್ಕಳಕ, ನೀರುಕಾಗೆ, ಚಮಚದ ಕೊಕ್ಕಿನ ಹಕ್ಕಿ. ಒಂದು ಕಡೆ ಕೂರಿಸಿ ಅರ್ಧ ತಾಸು ಒಂದೇ ಕೊಕ್ಕರೆ ನೋಡಿ ಅಂದ. ನಾನು ಅಂದುಕೊಂಡೆ, ಇದೇನಪ್ಪಾ ಅರ್ಧ ತಾಸು. ಅದು ಮೊಣಕಾಲಷ್ಟು ನೀರಿನಲ್ಲಿ ಬಾಯಿ ಅರ್ಧ ತೆರೆದು, ಕೊಕ್ಕು ನೀರಲ್ಲಿ ಅದ್ದಿ, ಆ ಕಡೆ ಈ ಕಡೆ ಆಡಿಸುತ್ತಾ ನಡೆಯುತ್ತಿತ್ತು. ಒಂದು ಕಾಲಿನಿಂದ ಕೆಸರು ಕೆದಕುತ್ತದೆ. ಕಣ್ಣಿನಿಂದ ಮೀನು ಹುಡುಕುವುದಿಲ್ಲವಂತೆ. ಕೊಕ್ಕಿನ ಒಳಗೆ ಮೀನು ತಾಗಿತು ಅಂದರೆ ಟಪ್ ಅಂತ ಮುಚ್ಚುತ್ತದೆ, ಇಲಿ ಬೋನಿನ ಹಾಗೆ. ಅದಕ್ಕೇ ನೀರು ಆಳ ಇರಬಾರದು, ಪೂರ್ತಿ ಬತ್ತಲೂಬಾರದು. ದೊಡ್ಡ ಹಕ್ಕಿಗೆ ದನಿಯೇ ಇಲ್ಲ ಅಂದರೂ ನಡೆಯುತ್ತದೆ, ಕೊಕ್ಕು ಬಡಿದು ಟಕಟಕ ಅನ್ನುತ್ತವೆ ಅಷ್ಟೇ. ಗಲಾಟೆ ಎಲ್ಲಾ ಮರಿಗಳದು. ವಾಸನೆ ಮಾತ್ರ ಹೇಳಲೇಬೇಕು. ಗಾಳಿ ನಮ್ಮ ಕಡೆ ತಿರುಗಿದಾಗ ಹಿಕ್ಕೆ ವಾಸನೆಗೆ ಹೆಂಡತಿ ಸೆರಗು ಮೂಗಿಗೆ ಹಿಡಿದಳು. ಹುಡುಗ ನಕ್ಕ. “ಇದ ನೀರು ಗದ್ದೆಗೆ ಹೋಗ್ತೈತ್ರಿ ಅಕ್ಕಾರೆ, ಗೊಬ್ಬರ ಫ್ರೀ.”

ಬಂದ ಮೇಲೆ ಒಂದಿಷ್ಟು ಓದಿದೆ. ಈ ಕೆರೆ ನೂರಾರು ವರ್ಷ ಹಳೆಯದು, ಊರಿನವರು ಹೊಲಕ್ಕೆ ನೀರು ಬೇಕು ಅಂತ ಕಟ್ಟಿಕೊಂಡಿದ್ದು. 98.76 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ 244 ಎಕರೆ. ಅಷ್ಟರಲ್ಲೇ 30,000ಕ್ಕಿಂತ ಜಾಸ್ತಿ ನೀರು ಹಕ್ಕಿಗಳು ಗೂಡು ಕಟ್ಟುತ್ತವೆ, ರಾತ್ರಿ ಬಂದು ಕೂರುತ್ತವೆ. 2017ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದರು. 2024ರ ಜನವರಿ ಕೊನೆಗೆ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು) ಸೇರಿದ ಸುದ್ದಿ ಬಂತು, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ. ಅಲ್ಲಿಯವರೆಗೆ ಆ ಪಟ್ಟಿಯಲ್ಲಿ ಕರ್ನಾಟಕದ್ದು ರಂಗನತಿಟ್ಟು ಒಂದೇ ಇತ್ತು.

ಒಂದು ತಮಾಷೆ ನೋಡಿ. ಅದೇ 2017ರಲ್ಲಿ ಕೇಂದ್ರ ಸರ್ಕಾರ ಜೌಗು ಪ್ರದೇಶಗಳ ಹೊಸ ನಿಯಮ ತಂದಿತು. ಅದರಲ್ಲಿ ನೀರಾವರಿಗೆ ಅಂತಲೇ ಕಟ್ಟಿದ ಕೆರೆಗಳನ್ನು ಹೊರಗೆ ಬಿಟ್ಟಿದ್ದಾರೆ! ಅಂದರೆ ನಮ್ಮ ಕಡೆಯ ಮುಕ್ಕಾಲು ಕೆರೆ ಹೊರಗೆ. ಅಂಕಸಮುದ್ರಕ್ಕೆ ಕೈ ಹಿಡಿದದ್ದು ವನ್ಯಜೀವಿ ಕಾನೂನಿನ ಇನ್ನೊಂದು ದಾರಿ. ಸಂರಕ್ಷಣಾ ಮೀಸಲು ಮಾಡೋಕೆ ಮೊದಲು ಅಲ್ಲಿಯ ಜನರನ್ನು ಕೇಳಬೇಕು, ನೋಡಿಕೊಳ್ಳೋ ಸಮಿತಿಯಲ್ಲಿ ಪಂಚಾಯಿತಿಯವರೂ ಇರಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದಕ್ಕೂ ಒಂದು ಹೆಜ್ಜೆ ಮುಂದೆ, 2007ರಿಂದ ಅದು ಸಮುದಾಯ ಮೀಸಲು, ಅಂದರೆ ಊರಿನ ಜನರದೇ ಜಾಗದಲ್ಲಿ ಮಾಡಿದ್ದು. ಅಲ್ಲಿ ಹಕ್ಕಿ ಕೂರೋದೇ ಜನರ ಮನೆ ಹಿತ್ತಲಿನ ಮರದ ಮೇಲೆ, ಹೆರಿಗೆಗೆ ತವರಿಗೆ ಬಂದ ಮಗಳು ಅಂತಾರೆ. ಹೀಗಿರೋವಾಗ ಹುಡುಗನ ‘ಬ್ಯಾಡ್ರಿ’ಗೆ ಅಷ್ಟು ಗಟ್ಟಿ ದನಿ ಎಲ್ಲಿಂದ ಬಂತು ಅಂತ ಅರ್ಥವಾಯಿತು. ಅವನು ಸರ್ಕಾರದ ಬೋರ್ಡ್ ಓದಿ ಹೇಳುತ್ತಿರಲಿಲ್ಲ. ಅವನ ಗದ್ದೆಗೆ ಬರೋ ನೀರು ಅದು.

ಈಗ ಊಟ. ಹೆಂಚಿನ ಮನೆ, ಹೊರಗೆ ಕಟ್ಟೆ. ಮನೆಯ ಅಜ್ಜಿ “ಬರ್ರಿ, ಕೂಡ್ರಿ, ಕೈಕಾಲು ತೊಳಕೊಳ್ರಿ” ಅಂದಿದ್ದು ಒಂಬತ್ತೂವರೆಗೆ. ಊಟ ಸಿಕ್ಕಿದ್ದು ಹನ್ನೊಂದಕ್ಕೆ. ಕಾರಣ ನಾವೇ. ಆರು ಜನ ಅಂತ ಹೇಳಿದ್ದೆ, ಹೋಗಿದ್ದು ಒಂಬತ್ತು, ಮಾವನ ಮನೆಯವರು ರಾತ್ರಿ ಸೇರಿಕೊಂಡರು. ಸೊಸೆ ಮತ್ತೆ ಹಿಟ್ಟು ನಾದಿ ಒಲೆ ಮುಂದೆ ಕೂತರು. ನಾವು ಒಲೆ ಹತ್ತಿರವೇ ಕೂತು ರೊಟ್ಟಿ ಬಡಿಯುವ ಸದ್ದು ಕೇಳಿದೆವು, ಸುಳ್ಳು ಹೇಳಲ್ಲ, ಹಸಿವಿನಲ್ಲಿ ಅದಕ್ಕಿಂತ ಒಳ್ಳೇ ಸದ್ದು ಇಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಜುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ತಲೆಗೆ 120 ರೂಪಾಯಿ. ದಾವಣಗೆರೆಯಲ್ಲಿ ಈ ದುಡ್ಡಿಗೆ ಪುಂಡಿಪಲ್ಯ ಹೀಗೆ ಸಿಗಲ್ಲ, ನಮ್ಮ ಕಡೆ ಹುಳಿ ಕಡಿಮೆ ಮಾಡಿಬಿಡುತ್ತಾರೆ.

ನನಗೆ ಹಿಡಿಸಿದ್ದು, ಯಾರೂ ನಮಗೆ ‘ಸಂಸ್ಕೃತಿ’ ತೋರಿಸಲಿಲ್ಲ. ಹಿಂದೊಮ್ಮೆ ಒಂದು ರೆಸಾರ್ಟಿಗೆ ಹೋಗಿದ್ದೆವು, ಅಲ್ಲಿ ಊಟದ ಟೇಬಲ್ ಮುಂದೆ ಲಂಬಾಣಿ ಹೆಣ್ಣುಮಕ್ಕಳನ್ನು ಕುಣಿಸಿದರು, ಜನ ಚಿಕನ್ ತಿನ್ನುತ್ತಾ ವಿಡಿಯೋ ಮಾಡಿಕೊಂಡರು. ತಟ್ಟೆ ನೋಡಿಕೊಂಡು ಕೂತೆ ಆವತ್ತು. ಇಲ್ಲಿ ಪಕ್ಕದ ತಾಂಡಾದ ಒಬ್ಬ ಅಕ್ಕ ಕನ್ನಡಿ ಹೊಲಿದ ನಾಲ್ಕು ಚೀಲ ತಂದು ಕಟ್ಟೆ ಮೇಲೆ ಇಟ್ಟು ಅಜ್ಜಿ ಹತ್ತಿರ ಹರಟೆ ಹೊಡೆಯುತ್ತಾ ಕೂತರು. ಬೇಕಾದರೆ ತಗೋ, ಬೇಡವಾದರೆ ಬಿಡು. ಹೆಂಡತಿ ಎರಡು ತಗೊಂಡಳು. ಚೌಕಾಸಿ ಶುರು ಮಾಡಿದಳು, ಆಮೇಲೆ ಒಂದು ಚೀಲದ ಹೊಲಿಗೆಗೆ ಎಷ್ಟು ದಿನ ಅಂತ ಕೇಳಿ ತಾನೇ ನಿಲ್ಲಿಸಿದಳು.

ಗೋಡೆಗೆ ಒಂದು ಶಾಲೆಯ ನೋಟ್‌ಬುಕ್ ತೂಗುಹಾಕಿದ್ದರು. ತಾರೀಕು, ಎಷ್ಟು ಜನ, ಯಾರ ಮನೆ ಸರದಿ. ಕೊನೆಯ ಸಾಲಿನಲ್ಲಿ ‘ದುರ್ಬೀನು ರಿಪೇರಿ’ ಅಂತ ಪ್ರತಿ ಸಲ ಇಪ್ಪತ್ತು ರೂಪಾಯಿ ಎತ್ತಿಟ್ಟಿದ್ದರು. ಇದನ್ನು ನೋಡಿ ವ್ಯಾಪಾರಸ್ಥನಾದ ನನಗೆ ಖುಷಿಯಾಯಿತು.

ಇನ್ನು ಕಟ್ ಮಾಡಿದ ಸ್ಟಾರ್. ಒಂದು, ಶೌಚಾಲಯ. ಮನೆಯವರದೇ ಒಂದು ಇದೆ, ಒಂಬತ್ತು ಜನಕ್ಕೆ ಸಾಲದು, ಹೆಂಗಸರಿಗೆ ಕಷ್ಟವಾಯಿತು. ಎರಡು, ಬೈನಾಕ್ಯುಲರ್ ಒಂದೇ, ಅದರ ಒಂದು ಕಣ್ಣು ಮಸುಕು, ಮಕ್ಕಳು ಜಗಳವಾಡಿದರು. ಆದರೆ ನಿಜವಾದ ತಕರಾರು ದುಡ್ಡಿನದು. ಊಟಕ್ಕೆ ರೇಟ್ ಇದೆ, ಹುಡುಗನ ಎರಡು ತಾಸಿಗೆ ರೇಟ್ ಇಲ್ಲ. ಕೇಳಿದರೆ “ನಿಮಗ ತಿಳಿದಷ್ಟು ಕೊಡ್ರಿ” ಅನ್ನುತ್ತಾನೆ. ಇದು ನನಗೆ ಒಂಚೂರೂ ಹಿಡಿಸಲಿಲ್ಲ. ತಿಳಿದಷ್ಟು ಅಂದರೆ ಒಬ್ಬ ನೂರು ಕೊಡುತ್ತಾನೆ, ಇನ್ನೊಬ್ಬ ಫೋಟೋ ಚೆನ್ನಾಗಿ ಬರಲಿಲ್ಲ ಅಂತ ಐವತ್ತು. ನೂರು ಕೊಡೋನಿಗೆ ಸಿಟ್ಟು ಬಂದರೆ ಅಂತ ನಾಳೆ ಇವನೇ ‘ಬ್ಯಾಡ್ರಿ’ ಅನ್ನೋಕೆ ಹಿಂಜರಿದರೆ? ಮೊದಲೇ ರೇಟ್ ಹೇಳಿ, ಮೊದಲೇ ಇಸಕೊಂಡುಬಿಡು ಅಂತ ಹೇಳಿದೆ. 600 ಕೊಟ್ಟೆ. ಇವರ ಹತ್ತಿರ ಹೋಗೋರು ಯಾರೂ ಇದಕ್ಕಿಂತ ಕಡಿಮೆ ಕೊಡಬೇಡಿ.

ವಾಪಸ್ ಬರುತ್ತಾ ಕಾರಿನಲ್ಲಿ ಸೂಳೆಕೆರೆ ಮಾತು ಬಂತು. ಇದರ ಮುಂದೆ ಅದು ಸಮುದ್ರ. ಶಾಂತವ್ವ ಅನ್ನೋ ರಾಜಕುಮಾರಿ ಕಟ್ಟಿಸಿದ್ದು ಅಂತ ಕಥೆ. ಕೆರೆಗೆ ಜಾಗ ಬಿಟ್ಟುಕೊಟ್ಟ ಹೆಂಗಸರು ತಮ್ಮ ಹೆಸರನ್ನೇ ಇಡಬೇಕು ಅಂತ ಷರತ್ತು ಹಾಕಿದರು ಅಂತಲೂ ಹೇಳುತ್ತಾರೆ. ಚಿತ್ರದುರ್ಗದವರು ಕುಡಿಯೋದು ಅದರ ನೀರು. ಹೋದ ವರ್ಷ ನಾವು ಹೋದಾಗ ಏರಿ ಮೇಲೆ ಒಂದು ಗುಂಪು ಸ್ಪೀಕರ್ ಹಾಕಿಕೊಂಡು ಕುಣಿಯುತ್ತಿತ್ತು, ತಿಂದ ಪ್ಲೇಟೆಲ್ಲ ನೀರಿಗೆ. ಆವತ್ತು ಅಲ್ಲಿ ‘ಬ್ಯಾಡ್ರಿ’ ಅನ್ನೋಕೂ ಯಾರಿಲ್ಲ, ಶಾಂತವ್ವನ ಕಥೆ ಹೇಳೋಕೂ ಯಾರಿಲ್ಲ. ಮೀನು ಹಿಡಿಯೋರು ಇದ್ದಾರೆ, ಏರಿ ಪಕ್ಕ ಮನೆಗಳಿವೆ, ರೊಟ್ಟಿ ಮಾಡೋಕೆ ಬರದ ಮನೆ ಯಾವುದಿದೆ ಹೇಳಿ. ಒಂದು ನೋಟ್‌ಬುಕ್ ತೂಗುಹಾಕೋಕೆ ಏನು ತೊಂದರೆ ಅಂತ ಮಾವ ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಹೋಗೋರಿಗೆ ಎರಡು ಮಾತು. ಏಳು ಗಂಟೆಯೊಳಗೆ ತಲುಪಿ, ಇಲ್ಲಾ ಸಂಜೆ ಹೋಗಿ, ಮೇಯಲು ಹೋದ ಹಕ್ಕಿಗಳು ವಾಪಸ್ ಬರುವ ಹೊತ್ತು. ಎಷ್ಟು ಜನ ಅಂತ ಸರಿಯಾಗಿ ಹೇಳಿ. ಚಿಲ್ಲರೆ ಇಟ್ಟುಕೊಳ್ಳಿ, ನಮ್ಮ ಮೊಬೈಲಿಗೆ ಅಲ್ಲಿ ನೆಟ್‌ವರ್ಕ್ ಬಂದು ಬಂದು ಹೋಗುತ್ತಿತ್ತು.

ಹೊರಡುವಾಗ ಉಳಿದಿದ್ದ ಮಂಡಕ್ಕಿ ಚೀಲ ಅಜ್ಜಿ ಕೈಗೆ ಕೊಟ್ಟೆ. ಒಂದು ಹಿಡಿ ಬಾಯಿಗೆ ಹಾಕಿಕೊಂಡು ನೋಡಿ, “ಛಲೋ ಅದಾವ. ಮುಂದಿನ ಸಲ ಬರೋವಾಗ ಇನ್ನೊಂದು ಚೀಲ ತರ್ರಿ, ಹಕ್ಕಿಗಲ್ಲ, ನನಗ” ಅಂದರು. ಎರಡು ಚೀಲ ಎತ್ತಿಟ್ಟಿದ್ದೇನೆ.